ಬನಿಯನ್ ಜೇಬಿನ ಬೀಗದ ಕೈ

ಬೀಗ ಮತ್ತು ಬೀಗದ ಕೈಗಳ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದೇ ನಾನು ನಂಬಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಸರಗೋಡಿನಿಂದ ಕೊಚ್ಚಿಗೆ ಬಂದವನು ನಾನು. ಗೋದಾಮಿನಲ್ಲಿ ಮೂಟೆ ಹೊತ್ತು, ಆಮೇಲೆ ಮೂಟೆ ಹೊರುವವರನ್ನು ನೋಡಿಕೊಂಡು, ಸೂಪರ್‌ವೈಸರ್ ಆದೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಬೀಗದ ಕೈಯನ್ನೂ ಕಳೆದಿಲ್ಲ. ಇದು ಜಂಭವಲ್ಲ, ಸತ್ಯ. ಸ್ವಲ್ಪ ಜಂಭವೂ ಹೌದು.

ನಮ್ಮದು ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ದ್ವೀಪದಲ್ಲಿ ಒಂದು ಸಣ್ಣ ಆಫೀಸು. ಸಿಗಡಿ ರಫ್ತು ಮಾಡುವವರಿಗೆ ಹಡಗಿನಲ್ಲಿ ಜಾಗ ಕಾದಿರಿಸಿಕೊಡುವುದು ಕೆಲಸ. ತೊಂಬತ್ತರ ದಶಕದ ಕೊನೆಗೆ ಆ ಕೆಲಸಕ್ಕೂ ಕಂಪ್ಯೂಟರ್ ಬಂತು. ಇಡೀ ಆಫೀಸಿಗೆ ಒಂದೇ ಕಂಪ್ಯೂಟರ್, ಒಂದೇ ಲಾಗಿನ್ ಹೆಸರು, ಒಂದೇ ಪಾಸ್‌ವರ್ಡ್. ಯಾರೂ ಮರೆಯಬಾರದೆಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದರು. ಚಹಾ ತರುವವನಿಗೂ ಅದು ಬಾಯಿಪಾಠ!

ಈ ಸಂಗತಿ ಹೇಗೋ ಹಡಗು ಕಂಪನಿಯವರ ಕಿವಿಗೆ ಬಿತ್ತು. ಅವರು ಇನ್ನೊಂದು ಬೀಗ ಜಡಿದರು. ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಅದರ ಪುಟ್ಟ ಕಿಟಕಿಯಲ್ಲಿ ಆರು ಅಂಕಿ. ನಿಮಿಷಕ್ಕೊಮ್ಮೆ ಅಂಕಿ ಬದಲು. ಪಾಸ್‌ವರ್ಡ್ ಜೊತೆಗೆ ಆ ನಿಮಿಷದ ಅಂಕಿಯನ್ನೂ ಒತ್ತಿದರೆ ಮಾತ್ರ ಕಂಪ್ಯೂಟರು ಒಳಗೆ ಬಿಡುತ್ತದೆ. ಲಾಗಿನ್ ಒಂದೇ ಆದ್ದರಿಂದ ಯಂತ್ರವೂ ಒಂದೇ. ನಮ್ಮ ಆಫೀಸಿನ ಮಲಯಾಳದಲ್ಲಿ ಅದು ‘ತಾಕ್ಕೋಲ್’ ಆಯಿತು, ಬೀಗದ ಕೈ.

“ಕೃಷ್ಣೇಟ್ಟನ ಹತ್ತಿರ ಇರಲಿ,” ಎಂದರು ಮುದಲಾಳಿ, ಅಂದರೆ ನಮ್ಮ ಧಣಿ. ಡಿಗ್ರಿ ಮಾಡಿದವರನ್ನೆಲ್ಲ ಬಿಟ್ಟು ನನಗೆ! ಅಂದೇ ಹೆಂಡತಿ ಸುಮತಿಯಿಂದ ಬನಿಯನ್ನುಗಳಿಗೆಲ್ಲ ಒಳಜೇಬು ಹೊಲಿಸಿದೆ. ಅಂಕಿ ಬೇಕಾದವರು ನನ್ನ ಮೇಜಿಗೆ ಬರಬೇಕು. ನಾನು ಅಂಗಿಯ ಗುಂಡಿ ಬಿಚ್ಚಿ, ಯಂತ್ರ ತೆಗೆದು, ಅಂಕಿ ಓದಿ ಹೇಳಿ, ಮತ್ತೆ ಗುಂಡಿ ಹಾಕಿಕೊಳ್ಳುತ್ತಿದ್ದೆ. ದೇವರ ದರ್ಶನಕ್ಕೂ ಅಷ್ಟು ವಿಧಿವಿಧಾನವಿಲ್ಲ.

ಹೀಗಿರುವಾಗ ಸುಮತಿಯ ಅಕ್ಕನ ಗಂಡನಿಗೆ ತಿರುವನಂತಪುರದಲ್ಲಿ ಆಪರೇಷನ್ ಆಯಿತು. ರಜೆ ಹಾಕಿ ಇಬ್ಬರೂ ನೋಡಲು ಹೊರಟೆವು. ರೈಲು ತಡವಾಗಿ ಮುಟ್ಟಿತು. ಸ್ಟೇಷನ್ನಿನ ಎದುರು ತಂಪಾನೂರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಬಸ್ಸು ಹಿಡಿದು, ಕಂಬಿಗೆ ಜೋತುಬಿದ್ದೆವು. ಪಕ್ಕದವನ ಮೊಣಕೈ ನನ್ನ ಎದೆಗೆ ತಾಗಿತು. ಎದೆಯಲ್ಲಿ ಏನೋ ಗಟ್ಟಿ!

ತಾಕ್ಕೋಲ್!

ಎರಡೂ ಕೈಗಳಿಂದ ಎದೆ ಹಿಡಿದು “ಅಯ್ಯೋ!” ಎಂದೆ. ಮೈಯೆಲ್ಲ ಬೆವರಿತು. ಕೂಡಲೇ ನಾಲ್ಕು ಜನ ಎದ್ದು ಸೀಟು ಬಿಟ್ಟರು.

“ಪೇಡಿಕ್ಕೇಂಡ ಚೇಟ್ಟಾ, ಹೆದರಬೇಡಿ ಅಣ್ಣಾ,” ಎಂದ ಕಂಡಕ್ಟರ್. “ಈ ಬಸ್ಸು ಸೀದಾ ಆಸ್ಪತ್ರೆಗೇ ಹೋಗ್ತದೆ!”

“ಎಂತಾಯ್ತು? ಎದೆನೋವಾ?” ಸುಮತಿಯ ಮುಖ ಬಿಳಿಚಿಕೊಂಡಿತ್ತು.

“ನೋವಲ್ಲ. ಆಫೀಸಿನ ಬೀಗದ ಕೈ.”

ಅವಳ ಮುಖಕ್ಕೆ ಬಣ್ಣ ಮರಳಿತು. ಸ್ವಲ್ಪ ಜಾಸ್ತಿಯೇ ಮರಳಿತು. “ರಜೆ ಹಾಕಿದ್ದು ನೀವು ಮಾತ್ರವಾ ಮಾರಾಯ್ರೆ? ಬನಿಯನ್ನಿಗೆ ಡ್ಯೂಟಿಯಾ?”

ಆಸ್ಪತ್ರೆಗೆ ಮೊದಲೇ, ದಾರಿಯ ಉಳ್ಳೂರಿನಲ್ಲಿ ಇಳಿದೆವು. ಎಸ್‌ಟಿಡಿ ಬೂತಿಗೆ ನುಗ್ಗಿ ಆಫೀಸಿಗೆ ಫೋನ್ ಮಾಡಿದೆ. ಎತ್ತಿದ್ದು ಕಂಪ್ಯೂಟರ್ ನೋಡಿಕೊಳ್ಳುವ ಬೀನಾ. ಅವಳ ಸ್ವರದಲ್ಲಿ ಅಳು.

“ಕೃಷ್ಣೇಟ್ಟಾ, ಎಲ್ಲಿದ್ದೀರಿ! ನಾಲ್ಕು ಗಂಟೆಯೊಳಗೆ ಬುಕ್ ಮಾಡದಿದ್ರೆ ಹಡಗು ನಮ್ಮ ಸಿಗಡಿ ಬಿಟ್ಟು ಹೋಗ್ತದೆ. ಮುದಲಾಳಿ ಚಹಾ ಕೂಡ ಕುಡೀಲಿಲ್ಲ!”

“ಅಷ್ಟೇ ತಾನೆ? ಬರೆದುಕೋ,” ಎಂದು ಅಂಕಿ ಓದಿದೆ.

ಅವಳು ಫೋನ್ ಇಟ್ಟಳು. ಇಡಲೇಬೇಕು! ಆಫೀಸಿಗೆ ಇದ್ದದ್ದು ಒಂದೇ ಫೋನ್ ಲೈನು. ಕಂಪ್ಯೂಟರು ಮಾತಾಡುವುದೂ ಅದರಲ್ಲೇ. ನಾವು ಮಾತಾಡುವಾಗ ಅದು ಮಾತಾಡುವಂತಿಲ್ಲ; ಅದು ಮಾತಾಡುವಾಗ ನಾವು ಬಾಯಿ ಮುಚ್ಚಬೇಕು. ಅದೋ, ಕೀರಲು ದನಿಯಲ್ಲಿ ಕಿರುಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಲೈನು ಹಿಡಿಯುವಷ್ಟರಲ್ಲಿ ನಿಮಿಷ ಕಳೆದಿರುತ್ತದೆ.

ಮತ್ತೆ ಫೋನ್ ಮಾಡಿದೆ.

“ಪೋಯಿ!” ಎಂದಳು ಬೀನಾ. ಹೋಯಿತು!

ಇನ್ನೊಮ್ಮೆ ಓದಿದೆ. ಅದೂ ಪೋಯಿ! ನನ್ನ ಹಿಂದೆ ಕ್ಯೂ ಬೆಳೆದಿತ್ತು. ಒಬ್ಬಾತ ಅಂಗೈಯಲ್ಲಿ ನನ್ನ ಅಂಕಿ ಬರೆದುಕೊಳ್ಳುತ್ತ ಕೇಳಿದ, “ಯಾವ ಲಾಟರಿ ಚೇಟ್ಟಾ? ಎಷ್ಟನೇ ಬಹುಮಾನ?”

“ಚೇಟ್ಟಾ, ಇನ್ನೊಂದು ಸಲ ತಪ್ಪಿದ್ರೆ ನಮ್ಮ ಲಾಗಿನ್ನೇ ಬಂದ್ ಅಂತೆ!” ಎಂದಳು ಬೀನಾ. “ಎದುರಿನ ಬೇಕರಿಗೆ ಫೋನ್ ಮಾಡಿ. ಅಷ್ಟರಲ್ಲಿ ನಾನು ಲೈನು ಹಿಡಿದಿಡ್ತೇನೆ.”

ಬೇಕರಿಗೆ ಮಾಡಿದೆ. ವ್ಯವಸ್ಥೆ ಹೀಗಿತ್ತು: ನಾನು ಉಳ್ಳೂರಿನಿಂದ ಬೇಕರಿಯ ಮಾಲಕ ಅಚ್ಚಾಯನಿಗೆ ಹೇಳುವುದು, ಅಚ್ಚಾಯ ಫೋನ್ ಹಿಡಿದು ರಸ್ತೆಗೆ ಕೂಗುವುದು, ಕಿಟಕಿಯ ಬಳಿ ಕೂತ ಬೀನಾಳಿಗೆ ಅದನ್ನು ರಸ್ತೆಯ ನಡುವೆ ನಿಂತವರು ದಾಟಿಸುವುದು.

“ರಸ್ತೆಯಲ್ಲಿ ನಿಂತಿರೋದು ಯಾರು?” ಎಂದೆ.

“ನಿಮ್ಮ ಮುದಲಾಳಿ,” ಎಂದ ಅಚ್ಚಾಯ. “ಮುಂಡು ಎತ್ತಿ ಕಟ್ಟಿ ನಿಂತಿದ್ದಾರೆ. ಲಾರಿಗಳು ಹಾರನ್ ಹೊಡೀತಿವೆ. ಬೇಗ ಹೇಳು!”

ಆದರೂ ಹಳೆಯ ಅಂಕಿ ಅಳಿದು ಹೊಸದು ಮೂಡುವವರೆಗೆ ಉಸಿರು ಬಿಗಿಹಿಡಿದೆ. ಮೂಡಿತು! ನಾನು ಬೂತು ನಡುಗುವಂತೆ ಕೂಗಿದೆ. ಅಚ್ಚಾಯ ಕೂಗಿದ. ಅವನ ಹಿಂದೆ ದೂರದಲ್ಲಿ ಮುದಲಾಳಿಯ ಸ್ವರ, ಅದೇ ಆರು ಅಂಕಿ, ಲಾರಿ ಹಾರನ್ನುಗಳ ನಡುವೆ. ಪ್ರಪಂಚದ ಅತಿ ಗುಟ್ಟಿನ ಸಂಖ್ಯೆ ಈಗ ಕೊಚ್ಚಿಯ ಒಂದು ರಸ್ತೆಗೂ ಉಳ್ಳೂರಿನ ಒಂದು ಕ್ಯೂಗೂ ಸಂಪೂರ್ಣ ಪರಿಚಿತವಾಗಿತ್ತು.

ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ ಅಚ್ಚಾಯ ಹೇಳಿದ, “ಕೇರಿ!”

ಒಳಗೆ ಹೋಯಿತು! ಸಿಗಡಿಗೆ ಹಡಗಿನಲ್ಲಿ ಜಾಗ ಸಿಕ್ಕಿತು. ನನಗೆ ಬೂತಿನ ಸ್ಟೂಲಿನ ಮೇಲೆ ಸಿಕ್ಕಿತು.

ಆಸ್ಪತ್ರೆ ಮುಟ್ಟುವಾಗ ನೋಡುವ ಹೊತ್ತು ಮುಗಿದಿತ್ತು. ತಂದ ಕಿತ್ತಳೆ ಹಣ್ಣನ್ನು ಕಾವಲುಗಾರನ ಕೈಯಲ್ಲಿಟ್ಟು ವಾಪಸಾದೆವು. ರೈಲಿನಲ್ಲಿ ಸುಮತಿ ಒಂದೇ ಮಾತು ಕೇಳಿದಳು: “ಅಕ್ಕ ಕೇಳಿದ್ರೆ ಎಂತ ಹೇಳುದು? ಫೋನ್ ಮಾಡ್ಲಿಕ್ಕೆ ತಿರುವನಂತಪುರಕ್ಕೆ ಬಂದದ್ದು ಅಂತವಾ?”

ಮರುದಿನ ಮುದಲಾಳಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಕೃಷ್ಣೇಟ್ಟಾ, ಇನ್ನು ನಿಮಗೆ ಆ ಭಾರ ಬೇಡ,” ಎಂದು ಮೆಲ್ಲಗೆ ಹೇಳಿ ಒಂದು ತುಂಡು ತೆಂಗಿನ ನಾರಿನ ಹಗ್ಗ ಕೊಟ್ಟರು.

ಈಗ ತಾಕ್ಕೋಲ್ ಆ ಹಗ್ಗದಲ್ಲಿ ಮಾನಿಟರಿನ ಪಕ್ಕದ ಮೊಳೆಗೆ ನೇತಾಡುತ್ತಿದೆ, ಪಾಸ್‌ವರ್ಡ್ ಚೀಟಿಯ ಸರಿ ಕೆಳಗೆ. ಎರಡು ಬೀಗ, ಎರಡರ ಕೈಯೂ ಒಂದೇ ಕಡೆ. ಕಳ್ಳ ಬಂದರೆ ಹುಡುಕುವ ಕಷ್ಟವೂ ಇಲ್ಲ. ನನ್ನ ಒಳಜೇಬಿನಲ್ಲಿ ಸುಮತಿ ಕೊಟ್ಟ ಏಲಕ್ಕಿ ಇದೆ.

ಹಗ್ಗದ ಗಂಟು ಮಾತ್ರ ನಾನೇ ಹಾಕಿದ್ದು. ಬಹಳ ಭದ್ರವಾಗಿದೆ!