ವಿರಾಮದ ನಂತರದ ದೋಣಿ

ಆ ಸಿನಿಮಾವನ್ನು ನಾನು ಮೊದಲ ಸಲ ಭೇಟಿಯಾದಾಗ ನನಗೆ ಏಳು ವರ್ಷ. ಭೇಟಿ ಅಂತಲೇ ಹೇಳಬೇಕು. ‘ನೋಡಿದೆ’ ಅಂದರೆ ತೀರಾ ಸಣ್ಣ ಮಾತಾಗುತ್ತದೆ. ಬೇಸಿಗೆಯ ಮಧ್ಯಾಹ್ನ. ನಮ್ಮ ಹಳ್ಳಿಯಿಂದ ಕಾಲುವೆ ಏರಿಯ ಮೇಲೆ ನಾಲ್ಕು ಮೈಲಿ ನಡೆದರೆ ಒಂದು ಪೇಟೆ, ಪೇಟೆಯ ಕೊನೆಗೆ ತಗಡಿನ ಮಾಡಿನ ಟಾಕೀಸು. ಅಕ್ಕನಿಗೆ ಆಗ ಹದಿಮೂರು. ಅವಳ ಎಡಗೈಯಲ್ಲಿ ನನ್ನ ಕೈ, ಬಲಗೈಯಲ್ಲಿ ಎರಡು ಟಿಕೆಟ್ಟು. ಬೆವರಿಗೆ ಟಿಕೆಟ್ಟಿನ ಗುಲಾಬಿ ಬಣ್ಣ ಅವಳ ಅಂಗೈಗೆ ಇಳಿದಿತ್ತು. ನಾವು ಕೂತದ್ದು ಮೂರನೇ ಬೆಂಚು. ಅದರ ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರು. ಮುಂದೆ ಕೂತವನ ತಲೆ ಕುಂಬಳಕಾಯಿಯಷ್ಟು, ಅವನ ಪಕ್ಕದವನ ಕಿವಿ ಮೊರದಷ್ಟು. ಆ ತಲೆಗೂ ಈ ಕಿವಿಗೂ ನಡುವೆ ಒಂದು ಗೇಣು ಜಾಗ. ಆ ಗೇಣು ಜಾಗದಲ್ಲಿ, ಬಿಳಿ ಕುದುರೆ ಏರಿ ನಾಯಕ ಬಂದ!

ಅವತ್ತೇ ತೀರ್ಮಾನಿಸಿಬಿಟ್ಟೆ: ಪ್ರಪಂಚದಲ್ಲಿ ಸಿನಿಮಾ ಅಂತ ಇರುವುದು ಇದೊಂದೇ. ಉಳಿದವೆಲ್ಲ ಇದರ ಹೆಸರು ಹೇಳಿಕೊಂಡು ಹೊಟ್ಟೆ ಹೊರೆಯುತ್ತಿವೆ.

ಅದರಲ್ಲೂ ವಿರಾಮದ ನಂತರ ಬರುವ ದೋಣಿಯ ದೃಶ್ಯ! ಹೊಳೆ ತುಂಬಿದೆ. ಮಂಜು ಕವಿದಿದೆ. ದೋಣಿಯಲ್ಲಿ ಹೋದ ಮಗ ಹುಟ್ಟು ಕಳೆದುಕೊಂಡಿದ್ದಾನೆ. ದಡದಲ್ಲಿ ನಿಂತ ತಾಯಿ ಒಂದೇ ಸಮನೆ ಗಂಟೆ ಬಾರಿಸುತ್ತಿದ್ದಾಳೆ. ಊರವರು, “ಸಾಕು ನಿಲ್ಲಿಸಮ್ಮಾ, ಇನ್ನವನು ಬರೋದಿಲ್ಲ” ಅನ್ನುತ್ತಾರೆ. ಅವಳು ತಿರುಗಿಯೂ ನೋಡುವುದಿಲ್ಲ. “ನಾನು ನಿಲ್ಲಿಸಿದರೆ, ದಡ ಎಲ್ಲಿದೆ ಅಂತ ಅವನಿಗೆ ಯಾರು ಹೇಳ್ತಾರೆ?” ಅನ್ನುತ್ತಾಳೆ.

ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದ ಮೊದಲ ಪ್ರಾಣಿ ನಾನು. ಹಾಸ್ಟೆಲಿನ ಮೊದಲ ವರ್ಷ ಗಣಿತ ನನ್ನನ್ನು ಮೂರು ಸಲ ಮುಳುಗಿಸಿತು. ಮೂರು ಸಲವೂ ಟ್ರಂಕಿಗೆ ಬೀಗ ಹಾಕಿ ಊರಿಗೆ ಹೊರಟು ನಿಂತೆ. ಮೂರು ಸಲವೂ ಕಿವಿಯಲ್ಲಿ ಆ ಗಂಟೆ ಕೇಳಿಸಿತು, ಬೀಗ ತೆಗೆದೆ. ನೌಕರಿ ಸಿಕ್ಕ ಮೇಲೆ ತಾಯಿಯ ಆ ಮಾತನ್ನು ನಾನು ಎರಡು ಬೀಳ್ಕೊಡುಗೆ ಭಾಷಣಗಳಲ್ಲಿ, ಒಂದು ಸಂತಾಪ ಸಭೆಯಲ್ಲಿ, ಕುಡಿಯುವ ನೀರಿನ ಪೈಪು ಉದ್ಘಾಟನೆಯಲ್ಲಿ ಕೂಡ ಬಳಸಿದ್ದೇನೆ. ಪೈಪಿಗೂ ದೋಣಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಕಣ್ಣೊರೆಸಿಕೊಂಡರು!

ಮನೆಯಲ್ಲಿ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ಹೆಂಡತಿ, ಮಗಳು ಯಾವ ಸಿನಿಮಾ ಹಾಕಿದರೂ ನಾನು ಬಾಗಿಲಲ್ಲಿ ನಿಂತು, “ಇದೊಂದು ಸಿನಿಮಾನಾ?” ಅನ್ನುತ್ತಿದ್ದೆ.

“ಹಾಗಾದ್ರೆ ನಿಮ್ಮದನ್ನ ತೋರಿಸಿ ನೋಡೋಣ,” ಅಂದಳು ಒಂದು ದಿನ ಹೆಂಡತಿ. “ಹದಿನಾಲ್ಕು ವರ್ಷದಿಂದ ಬರೀ ಬಾಯಲ್ಲೇ ರೀಲು ಬಿಡ್ತಿದೀರಿ.”

“ತೋರಿಸ್ತೀನಿ! ನೋಡಿ ಆದ ಮೇಲೆ ನೀನು ಬೇರೆ ಸಿನಿಮಾ ನೋಡಿದರೆ ಕೇಳು!”

“ದೂರದ ಬೆಟ್ಟ ನುಣ್ಣಗೆ ರೀ.”

“ಹತ್ತಿರ ತರ್ತೀನಿ ಬೆಟ್ಟಾನ!”

ನಾನು ಹುಡುಕದ ಅಂಗಡಿಯಿಲ್ಲ. ಹಳೆಯ ಕ್ಯಾಸೆಟ್ಟು ಮಾರುವವನು, ಅವನ ಮಾವ, ಮಾವನ ಗೋದಾಮು, ಎಲ್ಲ ತಡಕಿದೆ. ನಾಲ್ಕು ತಿಂಗಳು ಸಂಶೋಧನೆ ನಡೆಯಿತು. ಇನ್ನೆರಡು ತಿಂಗಳು ಕಳೆದಿದ್ದರೆ ಯಾವುದಾದರೂ ವಿಶ್ವವಿದ್ಯಾಲಯ ಕರೆದು ಡಾಕ್ಟರೇಟು ಕೊಡುತ್ತಿತ್ತು. ಹತ್ತು ವರ್ಷದ ಮಗಳು ಒಂದು ಸಂಜೆ ಹೋಂವರ್ಕಿನ ನಡುವೆ ಅಮ್ಮನ ಫೋನು ಒತ್ತಿ, “ಅಪ್ಪಾ, ಇದೇನಾ?” ಅಂದಳು. ಅದೇ! ಎರಡು ನಿಮಿಷದ ಕೆಲಸ.

ಅಂಥ ಮಹಾಕಾವ್ಯವನ್ನು ಫೋನಿನಲ್ಲಿ ನೋಡುವುದುಂಟೇ? ಕಚೇರಿಯಲ್ಲಿ ಪೈಪುಗಳ ನಕ್ಷೆ ತೋರಿಸುವ ಪ್ರೊಜೆಕ್ಟರ್ ಇತ್ತು. ಅದು ಹೆಡ್ ಕ್ಲರ್ಕರ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿ.

“ಆ ಗಂಟೆ ಸಿನಿಮಾನೇನ್ರೀ?” ಅಂದರು ಅವರು. “ನಿಮ್ಮ ಭಾಷಣಕ್ಕೆ ಎರಡು ಸಲ ಅತ್ತಿದೀನಿ. ಮೂಲ ನೋಡದೆ ಬಿಡ್ತೀನಾ? ನಾನೂ ಬರ್ತೀನಿ, ಮನೆಯವರನ್ನೂ ಕರ್ಕೊಂಡು ಬರ್ತೀನಿ.”

ಭಾನುವಾರ ಮಧ್ಯಾಹ್ನ ಮೂರಕ್ಕೆ ಪ್ರದರ್ಶನ. ಕಿಟಕಿಗಳಿಗೆ ಕಂಬಳಿ, ಗೋಡೆಗೆ ಹೆಂಡತಿಯ ಬಿಳಿ ಹಾಸಿಗೆ ಹೊದಿಕೆ. ಅದರ ನಡುಮಧ್ಯದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಅದು ಯಾವಾಗಲೂ ತೆರೆಯ ಮೇಲಿನ ಯಾರದಾದರೂ ಮೂಗಿನ ಮೇಲೆ ಬರುತ್ತಿತ್ತು. ಪ್ರೇಕ್ಷಕರು: ಹೆಡ್ ಕ್ಲರ್ಕ್ ದಂಪತಿ, ಕೆಳಗಿನ ಮನೆಯ ನಿವೃತ್ತ ನರ್ಸಮ್ಮ, ನನ್ನ ಹೆಂಡತಿ, ಎಲ್ಲರಿಗಿಂತ ಮುಂದೆ ಚಾಪೆಯ ಮೇಲೆ ಮಗಳು. ಅವಳಿಗೆ ಮೂರು ವರ್ಷ ಇದ್ದಾಗಿನಿಂದ ದೋಣಿಯ ಕಥೆ ಹೇಳಿ ಮಲಗಿಸಿದವನು ನಾನೇ. ನಾನು ಹುಟ್ಟಿದ ಮನೆ ಈಗಿಲ್ಲ, ಕಾಲುವೆ ಏರಿಯ ಮೇಲೆ ಈಗ ಲಾರಿಗಳು ಓಡುತ್ತವೆ. ನನ್ನ ಬಾಲ್ಯದಿಂದ ತೆಗೆದು ಅವಳ ಕೈಗೆ ಕೊಡಲು ನನ್ನ ಹತ್ತಿರ ಇದ್ದದ್ದು ಇದೊಂದೇ.

ಶುರುವಾಯಿತು. ಬಿಳಿ ಕುದುರೆ ಬಂತು. ಅದು ಕಂದು ಬಣ್ಣದ್ದು! ಮೇಲೆ ಕೂತ ನಾಯಕನ ಹೊಟ್ಟೆ ಅವನಿಗಿಂತ ಅರ್ಧ ನಿಮಿಷ ಮುಂಚೆ ತೆರೆಗೆ ಬಂತು. ಫ್ಯಾನಿನ ಗಾಳಿಗೆ ಹೊದಿಕೆ ಉಬ್ಬಿ ಇಳಿಯುತ್ತಿದ್ದುದರಿಂದ ಆ ಹೊಟ್ಟೆ ಉಸಿರಾಡತೊಡಗಿತು.

“ಫ್ಯಾನು ಆರಿಸಿ!” ಅಂದೆ.

“ಸೆಖೆ ರೀ,” ಅಂದರು ಐದು ಜನ.

ನಾಯಕ ಕುದುರೆಯಿಂದ ಇಳಿದು, “ಅಮ್ಮಾ, ನಾನು ಪರೀಕ್ಷೆ ಪಾಸಾದೆ!” ಅಂದ.

“ಯಾವ ಪರೀಕ್ಷೆ? ಕಣ್ಣಿನ ಪೊರೆದಾ?” ಅಂದರು ನರ್ಸಮ್ಮ.

“ತಾಯಿಗಿಂತ ಮಗನಿಗೇ ವಯಸ್ಸಾದ ಹಾಗಿದೆಯಲ್ರೀ,” ಅಂದರು ಹೆಡ್ ಕ್ಲರ್ಕ್.

“ಅದು... ಆಗಿನ ಪದ್ಧತಿ,” ಅಂದೆ.

ನಾಯಕಿಯ ಹಿಂದೆ ಅವನು ಮರ ಸುತ್ತುತ್ತಲೇ ಇದ್ದ. ಮರ ಒಂದೇ, ಸುತ್ತು ಇಪ್ಪತ್ತಾರು. ಮಗಳು ಎಣಿಸಿದಳು. ನಾನು ಏಳು ವರ್ಷದವನಾಗಿ ಉಸಿರು ಬಿಗಿಹಿಡಿದು ನೋಡಿದ್ದನ್ನು ನಲವತ್ತಮೂರು ವರ್ಷದವನಾಗಿ ಆಕಳಿಸಿ ನೋಡಿದೆ. ಕದ್ದು ಆಕಳಿಸಿದೆ, ಹೆಂಡತಿ ಕಂಡಳು.

“ಆಗ ಗೇಣು ಜಾಗದಲ್ಲಿ ನೋಡಿದ್ರಿ, ಅದಕ್ಕೇ ಚೆನ್ನಾಗಿತ್ತು,” ಅಂದಳು ಕಿವಿಯಲ್ಲಿ. “ಆ ದಪ್ಪ ತಲೆಯವನು ಎಷ್ಟು ಉಪಕಾರ ಮಾಡಿದ್ದಾನೆ ನಿಮಗೆ!”

“ವಿರಾಮ ಕಳೀಲಿ. ಆಮೇಲೆ ಮಾತಾಡು.”

ವಿರಾಮ ಕಳೆಯಿತು. ಖಳನಾಯಕ ಗಹಗಹಿಸಿ ಕತ್ತಿ ಎಳೆದ. ಕತ್ತಿ ಅರ್ಧಕ್ಕೆ ಬಾಗಿತು! ತಗಡಿನದು. ಅವನು ಮೆಲ್ಲಗೆ ಮಂಡಿಗೆ ಒತ್ತಿ ನೆಟ್ಟಗೆ ಮಾಡಿಕೊಂಡ. ಹೆಡ್ ಕ್ಲರ್ಕರ ಹೆಂಡತಿ ನಕ್ಕು ನಕ್ಕು ನರ್ಸಮ್ಮನ ಹೆಗಲಿಗೆ ಬಿದ್ದರು. ನಾನು ಮಾತ್ರ ಹೊಳೆಗಾಗಿ ಕಾದೆ. ಧುಡುಂ ಅಂತ ನೀರಿಗೆ ಬಿದ್ದ ಸದ್ದು! “ಬಂತು! ಬಂತು!” ಅಂದೆ. ಹಾಸ್ಯಪಾತ್ರದವನು ನೀರಿನ ತೊಟ್ಟಿಗೆ ಬಿದ್ದಿದ್ದ. ಢಣ್ ಢಣ್ ಅಂತ ಗಂಟೆ! ಎದ್ದು ನಿಂತೇಬಿಟ್ಟೆ. ಒಂದು ಎಮ್ಮೆ ತೆರೆಯ ಈ ಕಡೆಯಿಂದ ಆ ಕಡೆಗೆ ನಡೆದುಹೋಯಿತು. ಅದರ ಕೊರಳಲ್ಲಿ ಗಂಟೆ.

ಆಮೇಲೆ ಮದುವೆ. ಆಮೇಲೆ ಎಲ್ಲರೂ ಸಾಲಾಗಿ ನಿಂತು ಕೈಮುಗಿದರು. ಮುಗಿಯಿತು.

ಮಗಳು ಹಿಂದಕ್ಕೆ ತಿರುಗಿದಳು. “ಅಪ್ಪಾ, ದೋಣಿ?”

“ಕತ್ತರಿಸಿದ್ದಾರೆ!” ಕಿರುಚಿದೆ. “ಯಾರೋ ಪಾಪಿ ಕತ್ತರಿ ಹಾಕಿದ್ದಾನೆ!”

“ಎಮ್ಮೆ ಬಿಟ್ಟು ದೋಣಿ ಕತ್ತರಿಸ್ತಾರೇನ್ರೀ?” ಅಂದರು ಹೆಡ್ ಕ್ಲರ್ಕ್. ಅವರ ಮುಖ ಗಂಭೀರವಾಗಿತ್ತು. ಎರಡು ಸಲ ಅತ್ತವರು ತಾನೇ? “ಅಲ್ಲಾ, ನಿಜ ಹೇಳಿ. ನೀವೇ ಕಟ್ಟಿದ್ದಾ?”

“ನನ್ನ ಕಣ್ಣಾರೆ ನೋಡಿದ್ದು! ಮಂಜು, ಹೊಳೆ, ಬಿಳಿ ಸೀರೆ...”

“ಸುಳ್ಳಾ ಅಪ್ಪಾ?” ಅಂದಳು ಮಗಳು. ಮೆಲ್ಲಗೆ ಕೇಳಿದಳು, ಅದೇ ಚುಚ್ಚಿತು.

ಮೀಸೆ ಮಣ್ಣಾಗಬಾರದು. “ಸಾಕ್ಷಿ ಇದೆ!” ಎಂದು ಗುಡುಗಿದೆ. “ಪಕ್ಕದಲ್ಲೇ ಕೂತಿದ್ದ ಸಾಕ್ಷಿ!” ಅಕ್ಕನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ತನ್ನ ಗುಂಡಿಯನ್ನು ತಾನೇ ಇಷ್ಟು ಅಚ್ಚುಕಟ್ಟಾಗಿ ತೋಡಿಕೊಂಡವನು ಇನ್ನೊಬ್ಬನಿರಲಾರ!

“ಅಕ್ಕಾ, ಆ ಸಿನಿಮಾದಲ್ಲಿ ತಾಯಿ ಗಂಟೆ ಬಾರಿಸ್ತಾಳಲ್ಲ, ದೋಣಿ ದೃಶ್ಯ, ಇದೆಯೋ ಇಲ್ವೋ? ಜೋರಾಗಿ ಹೇಳು!”

ಆ ಕಡೆಯಿಂದ ನಗು. ಅಕ್ಕನ ನಗು ಮೊದಲಿಂದಲೂ ಹಾಗೆಯೇ, ಬಿಂದಿಗೆಯಿಂದ ನೀರು ಸುರಿದ ಹಾಗೆ.

“ಅಯ್ಯೋ ಮಂಕೇ, ಅದು ಸಿನಿಮಾದಲ್ಲಿ ಎಲ್ಲಿದೆಯೋ? ಅದು ನಾನು ಹೇಳಿದ್ದು!”

“ಏನು?”

“ವಿರಾಮ ಮುಗೀತಿದ್ದ ಹಾಗೆ ಒಬ್ಬ ಕತ್ತಿ ಹಿರಿದ ನೋಡು, ನೀನು ಕಿಟಾರನೆ ಕಿರುಚಿಬಿಟ್ಟೆ. ಏನು ಮಾಡಿದ್ರೂ ಅಳು ನಿಲ್ಲಲಿಲ್ಲ. ಜನ ಎಲ್ಲ ಬೈದ್ರು. ಬಾಗಿಲು ಕಾಯೋನು ಬಂದು ಇಬ್ಬರನ್ನೂ ಹೊರಗೆ ಹಾಕಿದ. ನಿನ್ನ ಎತ್ಕೊಂಡು ಟಾಕೀಸಿನ ಹಿಂದಿನ ಗೋಡೆಗೆ ಒರಗಿ ಕೂತೆ. ನೀನು ನಿದ್ದೆ ಹೋದೆ.”

ಬಾಗಿದ ತಗಡು ಕತ್ತಿ ನನ್ನ ಕಣ್ಣ ಮುಂದೆ ಬಂತು. ಹೆಡ್ ಕ್ಲರ್ಕರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಗೋಡೆಯಾಚೆಯಿಂದ ಸದ್ದು ಮಾತ್ರ ಕೇಳಿಸ್ತಿತ್ತು ಕಣೋ. ನೀರಿಗೆ ಏನೋ ಬಿತ್ತು. ಆಮೇಲೆ ಗಂಟೆ. ಒಂದು ಹೆಂಗಸು ಅತ್ತ ಹಾಗೂ ಕೇಳಿಸ್ತು. ಮನೆಗೆ ಹೋಗ್ತಾ ಏರಿ ಮೇಲೆ ನಿನಗೆ ಎಚ್ಚರ ಆಯ್ತು. ‘ಆಮೇಲೇನಾಯ್ತು, ಆಮೇಲೇನಾಯ್ತು’ ಅಂತ ಪ್ರಾಣ ತಿಂದೆ. ಗೊತ್ತಿಲ್ಲ ಅಂದಿದ್ರೆ ಮತ್ತೆ ಅಳು ಶುರು. ಇದ್ದ ಸದ್ದುಗಳನ್ನೆಲ್ಲ ಜೋಡಿಸಿ ಒಂದು ಕಥೆ ಹೇಳ್ದೆ.”

“ಮತ್ತೆ... ನೀನು ಆ ಸಿನಿಮಾನ ಆಮೇಲೆ ಪೂರ್ತಿ ನೋಡಿದ್ಯಾ?”

“ಎಲ್ಲಿಂದ? ನಾನು ಟಾಕೀಸಿಗೆ ಹೋಗಿದ್ದೇ ಅದೊಂದು ಸಲ. ಆಮೇಲೆ ನಿನ್ನ ಶಾಲೆ ಶುರುವಾಯ್ತು, ನನ್ನದು ಮುಗೀತು.” ಮತ್ತೆ ಅದೇ ನಗು. “ಯಾಕೋ, ಚೆನ್ನಾಗಿತ್ತಾ ಕೊನೆಗೆ?”

ಇಡೀ ಕೋಣೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ಇಂಗು ತಿಂದ ಮಂಗನಿಗೆ ಕೂಡ ನನ್ನನ್ನು ನೋಡಿದ್ದರೆ ಸಮಾಧಾನವಾಗುತ್ತಿತ್ತು. ಮೂವತ್ತಾರು ವರ್ಷ ನಾನು ಯಾವ ಸಿನಿಮಾದ ಗುಣಗಾನ ಮಾಡಿದೆನೋ ಅದನ್ನು ನಾನು ಅರ್ಧ ನೋಡಿದ್ದೆ, ಆ ಅರ್ಧವನ್ನೂ ಒಂದು ಗೇಣಿನಲ್ಲಿ. ಉಳಿದರ್ಧವನ್ನು ಅಕ್ಕ ನೋಡದಂತೆ ಮಾಡಿದವನೂ ನಾನೇ! ಹಾಸ್ಟೆಲಿನಲ್ಲಿ ನನ್ನ ಟ್ರಂಕಿನ ಬೀಗ ತೆಗೆಸಿದವಳು ಯಾವ ತಾರೆಯೂ ಅಲ್ಲ.

“ಬಾ ಅಕ್ಕಾ,” ಅಂದೆ. “ಮುಂದಿನ ಭಾನುವಾರ ಬಾ. ನೀನೇ ನೋಡಿ ಹೇಳು.”

ಹೆಡ್ ಕ್ಲರ್ಕ್ ಹೊರಡುವಾಗ ನನ್ನ ಭುಜ ತಟ್ಟಿದರು. “ಪ್ರೊಜೆಕ್ಟರ್ ಇನ್ನೊಂದು ವಾರ ಇಲ್ಲೇ ಇರಲಿ. ರಿಜಿಸ್ಟರಿನಲ್ಲಿ ‘ನಕ್ಷೆಗೆ’ ಅಂತ ಬರ್ಕೋತೀನಿ.” ಆಮೇಲೆ ಮೆಟ್ಟಿಲಿಂದ ವಾಪಸು ಬಂದು, “ನಿಮ್ಮ ಅಕ್ಕನವರಿಗೆ ನಮಸ್ಕಾರ ತಿಳಿಸಿ,” ಅಂದರು.

ಮುಂದಿನ ಭಾನುವಾರ ಅಕ್ಕ ಬಂದಳು. ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯಲ್ಲಿ ಒರಗದೆ, ನೆಟ್ಟಗೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. “ಒರಗಿ ಕೂತ್ಕೊಳ್ಳಿ ಅತ್ತಿಗೆ,” ಅಂದಳು ನನ್ನ ಹೆಂಡತಿ. “ಟಾಕೀಸಲ್ಲಿ ಒರಗೋಕೆ ಎಲ್ಲಿತ್ತಮ್ಮ?” ಅಂದಳು ಅಕ್ಕ. ನನ್ನ ಹೆಂಡತಿ ಈ ಸಲ ಕಲೆಯಿಲ್ಲದ ಹೊಸ ಹೊದಿಕೆ ಕಟ್ಟಿ, ಯಾರೂ ಕೇಳದೆಯೇ ಫ್ಯಾನು ಆರಿಸಿದ್ದಳು.

ವಿರಾಮದ ನಂತರದಿಂದಲೇ ಹಚ್ಚಿದೆ. ನಾನು ತೆರೆಯ ಕಡೆ ನೋಡಲಿಲ್ಲ, ಅಕ್ಕನ ಮುಖ ನೋಡಿದೆ. ನನಗೆ ನಾಚಿಕೆಯಾಗುತ್ತಿತ್ತು, ಆ ಸಿನಿಮಾವನ್ನು ನಾನೇ ತೆಗೆದವನ ಹಾಗೆ. ಕತ್ತಿ ಬಾಗಿತು. ಅಕ್ಕ ನಗಲಿಲ್ಲ, ಅಭ್ಯಾಸಬಲದಿಂದ ಕೈ ಚಾಚಿ ಪಕ್ಕದಲ್ಲಿ ಕೂತ ನನ್ನ ಮಗಳ ಕಣ್ಣು ಮುಚ್ಚಿದಳು!

“ಅತ್ತೇ, ನನಗೆ ಹೆದರಿಕೆ ಇಲ್ಲ!”

“ನಿಮ್ಮಪ್ಪನೂ ಹಾಗೇ ಅಂದಿದ್ದ ಕಣೇ.”

ನೀರಿನ ಸದ್ದು ಬಂದಾಗ ಅವಳು ಮುಂದಕ್ಕೆ ಬಾಗಿದಳು. ತೊಟ್ಟಿಯಿಂದ ಹಾಸ್ಯಪಾತ್ರದವನ ತಲೆ ಮೇಲೆ ಬಂತು. “ಅಯ್ಯೋ, ಇವನಾ?” ಅಂದಳು. ಗಂಟೆಗೆ ಎಮ್ಮೆ ಬಂದಾಗ ಕೈಚೀಲದಲ್ಲಿ ಮುಖ ಹುದುಗಿಸಿಕೊಂಡು ನಕ್ಕಳು. ಹೆಂಗಸು ಅತ್ತ ಸದ್ದು ಬರುತ್ತದಲ್ಲ, ಅದು ಅಳುವಲ್ಲ, ನಾಯಕಿ ಈರುಳ್ಳಿ ಹೆಚ್ಚುತ್ತ ಹಾಡಲು ಗಂಟಲು ಸರಿಮಾಡಿಕೊಳ್ಳುವುದು. ಅಕ್ಕನ ನಗು ಅಲ್ಲಿಗೆ ನಿಂತಿತು. ಕಣ್ಣು ಒರೆಸಿಕೊಂಡಳು. ನಕ್ಕಿದ್ದಕ್ಕೆ ಬಂದ ನೀರೇ ಇರಬೇಕು. ಕೇಳುವ ಧೈರ್ಯ ನನಗಾಗಲಿಲ್ಲ.

ಮದುವೆಯಾಯಿತು. ಎಲ್ಲರೂ ಸಾಲಾಗಿ ಕೈಮುಗಿದರು. ಅಕ್ಕನೂ ತಿರುಗಿ ಅವರಿಗೆ ಕೈಮುಗಿದಳು.

“ಹೇಗಿತ್ತಕ್ಕಾ?” ಅಂದೆ. “ನನ್ನಿಂದಾಗಿ ಇಷ್ಟು ವರ್ಷ ನಿನಗೆ...”

“ಸುಮ್ನಿರೋ,” ಅಂದಳು. ತೆರೆಯ ಕಡೆ ಮತ್ತೊಮ್ಮೆ ಕರುಣೆಯಿಂದ ನೋಡಿದಳು. “ಪಾಪ, ಗೋಡೆಯಾಚೆ ನಾನು ಕೂತಿದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಒಂದು ಮಾತು ಕೇಳ್ಕೊಂಡು ತೆಗೀತಿದ್ರು.”

ಹೆಂಡತಿ ನಕ್ಕು ನಕ್ಕು ಚಹಾ ಚೆಲ್ಲಿದಳು. ಇದೊಂದು ಸಿನಿಮಾನಾ ಅಂತ ಕೇಳುವ ಹಕ್ಕು ನಮ್ಮ ಮನೆಯಲ್ಲಿ ಯಾರಿಗಿದೆ ಅನ್ನುವುದು ಅವತ್ತಿಗೆ ತೀರ್ಮಾನವಾಯಿತು. ರಾತ್ರಿ ಉಳಿದುಕೋ ಅಂತ ನಾವೆಲ್ಲ ಹೇಳಿದೆವು. ಅಕ್ಕ ಕೇಳಲಿಲ್ಲ, ನಾಳೆ ಬೆಳಿಗ್ಗೆ ಪಾಳಿ ಇದೆ ಅಂತ ಐದೂವರೆಯ ಬಸ್ಸು ಹತ್ತಿದಳು.

ಅಕ್ಕ ಈಗ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನಾನು ಕಚೇರಿಗೆ ಹಾಕಿಕೊಂಡು ಹೋಗುವಂಥ ಅಂಗಿಗಳಿಗೆ ಕಾಲರು ಹೊಲಿಯುತ್ತಾಳೆ.