ಗ್ಯಾರೇಜನ್ನು ಪರ್ವತದಿಂದ ಕೆಳಗಿಳಿಸುವ ಬಗ್ಗೆ

ಇಂದ,
ಗ್ರೆಚೆನ್ ವಾಲ್‌ಸ್ಟಾಡ್,
ಅಡುಗೆಮನೆ (ಬಟ್ಟೆ ಒಗೆಯುವ ಕೋಣೆಯ ಹೆಚ್ಚುವರಿ ಪ್ರಭಾರ),
ಬ್ರೇನರ್ಡ್, ಮಿನ್ನೆಸೋಟ.

ಗೆ,
ಮಾನ್ಯ ಅಧ್ಯಕ್ಷರು,
ಗಾಲ್ಫ್ ಲಾಂಚ್ ಮಾನಿಟರ್ ಆಯ್ಕೆ ಸಮಿತಿ,
ಗ್ಯಾರೇಜು, ಅದೇ ಮನೆ.
(ಅರ್ಜಿದಾರಳ ಗಂಡ ಕರ್ಟ್ ಎಂದೂ ಇವರನ್ನು ಗುರುತಿಸಬಹುದು.)

ದಿನಾಂಕ: ಮಾರ್ಚ್ ಆರು, ಶುಕ್ರವಾರ, ಮಧ್ಯಾಹ್ನ ಎರಡೂವರೆ.

ವಿಷಯ: ಮಗಳು ಸಿಗ್ನೆಯ ಅಭ್ಯಾಸಕ್ಕೆಂದು ತಂದ ಚಿಕ್ಕ ಯಂತ್ರವನ್ನು ಇಂದು ಸಂಜೆ ಐದಕ್ಕೆ ಅಂಗಡಿಗೆ ವಾಪಸು ಕೊಡದೆ ಮನೆಯಲ್ಲೇ ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ಅಧ್ಯಕ್ಷರು ಅಕ್ಟೋಬರ್ ತಿಂಗಳಲ್ಲಿ ಊಟದ ಮೇಜಿನಲ್ಲಿ ಕೊಟ್ಟ ಮಾತು: "ಒಂದು ವಾರ ಟೈಮ್ ಕೊಡು, ಕಡಿಮೆ ಬೆಲೇದು, ಒಳ್ಳೇದು ಒಂದು ನೋಡಿ ತಂದ್ಬಿಡ್ತೀನಿ."
೨. ದೊಡ್ಡ ಯಂತ್ರದ ಕೈಪಿಡಿ, ಪುಟ ಮೂವತ್ತೊಂದು (ಯಾರೂ ತೆರೆಯದ ಸ್ಥಿತಿಯಲ್ಲಿ ಸಿಕ್ಕಿದ್ದು).

ಮಾನ್ಯರೇ,

ಮೇಲ್ಕಂಡ ವಿಷಯವನ್ನು ಅರ್ಜಿದಾರಳು ಫೆಬ್ರವರಿಯಲ್ಲೇ ನಾಲ್ಕು ಬಾರಿ ಬಾಯಿಮಾತಿನಲ್ಲಿ ಸಲ್ಲಿಸಿದ್ದು, ನಾಲ್ಕೂ ಬಾರಿ ಅದು ತಮ್ಮ ಕಿವಿಯವರೆಗೆ ಹೋಗಿ ಸ್ವೀಕೃತಿ ಇಲ್ಲದೆ ಹಿಂದಿರುಗಿರುವ ಕಾರಣ, ಈಗ ಬರಹದಲ್ಲಿ ಸಲ್ಲಿಸುತ್ತಿದ್ದಾಳೆ. ಓವನ್‌ನಲ್ಲಿರುವ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ ಬೇಯಲು ಇನ್ನು ಐವತ್ತು ನಿಮಿಷ ಇದೆ. ಅಷ್ಟರಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸುವ ಉದ್ದೇಶವಿದೆ.

೧. ಸಿಗ್ನೆಗೆ ಈಗ ಹದಿನಾರು ವರ್ಷ. ಶಾಲೆಯ ಹುಡುಗಿಯರ ಗಾಲ್ಫ್ ತಂಡಕ್ಕೆ ಆಯ್ಕೆ ಇದೇ ಹದಿನಾರನೇ ತಾರೀಖು, ಸೋಮವಾರ. ಹೋದ ವರ್ಷ ಅವಳಿಗೆ ಒಂದೇ ಸ್ಥಾನದಲ್ಲಿ ತಪ್ಪಿತು. ನಮ್ಮೂರ ಮೈದಾನದ ಮೇಲೆ ನವೆಂಬರಿನಲ್ಲಿ ಮಲಗಿದ ಹಿಮ ಏಪ್ರಿಲ್‌ವರೆಗೆ ಏಳುವುದಿಲ್ಲ. ಆದ್ದರಿಂದ ಗ್ಯಾರೇಜಿನಲ್ಲಿ ಬಲೆ ಕಟ್ಟಿ, ಬಲೆಗೆ ಚೆಂಡು ಹೊಡೆದು, ಬಯಲಲ್ಲಾಗಿದ್ದರೆ ಆ ಚೆಂಡು ಎಷ್ಟು ಗಜ ಹಾರಿ ಬೀಳುತ್ತಿತ್ತು ಎಂಬುದನ್ನು ಲಾಂಚ್ ಮಾನಿಟರ್ ಎಂಬ ಯಂತ್ರದಿಂದ ಕೇಳಿ ತಿಳಿಯಬೇಕು. ಯಾವ ಕೋಲಿಗೆ ಎಷ್ಟು ದೂರ, ಅಷ್ಟೇ. ಮಗುವಿಗೆ ಬೇಕಾದದ್ದು ಹತ್ತು ಅಂಕಿಗಳು.

೨. ಸದರಿ ಹತ್ತು ಅಂಕಿಗಳಿಗಾಗಿ ತಾವು ಸಮಿತಿಯೊಂದನ್ನು ರಚಿಸಿ, ಪಕ್ಕದ ಮನೆಯ ಡ್ವೇನ್ ಅವರನ್ನು ತಾಂತ್ರಿಕ ಸದಸ್ಯರನ್ನಾಗಿ ನೇಮಿಸಿದಿರಿ. ಡ್ವೇನ್ ಅವರ ತಾಂತ್ರಿಕ ಅರ್ಹತೆ ಎಂದರೆ ಅವರ ಹತ್ತಿರ ಎಲ್ಲವೂ ಎರಡೆರಡು ಇರುವುದು. ಸಮಿತಿ ಐದು ತಿಂಗಳು ಸಭೆ ಸೇರಿತು. ಸಭೆಗೆ ಬೇಕಾದ ಬಿಯರ್ ಮತ್ತು ಚೀಸ್ ಒದಗಿಸಲಾಯಿತು. ಮೂರು ಯಂತ್ರಗಳು ಅಂಗಡಿಯಿಂದ ಬಂದವು. ಪೆಟ್ಟಿಗೆ ಹರಿಯದಂತೆ, ಪ್ಲಾಸ್ಟಿಕ್ ಮುದುಡದಂತೆ, ನಮ್ಮ ಮದುವೆಯ ಗಾಜಿನ ಸಾಮಾನುಗಳಿಗೂ ಸಿಗದ ನಾಜೂಕಿನಲ್ಲಿ ಬಿಚ್ಚಿ, ಇಪ್ಪತ್ತೊಂಬತ್ತು ದಿನ ಬಳಸಿ, ಮೂವತ್ತನೇ ದಿನ ವಾಪಸು ಕೊಡಲಾಯಿತು. ಮೂರರಲ್ಲೂ ಕಂಡುಬಂದ ದೋಷ ಒಂದೇ: ತಾವು ಹೊಡೆದ ಚೆಂಡು ಅವುಗಳ ಪ್ರಕಾರ ಇನ್ನೂರ ಹತ್ತು ಗಜಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

"ಇದಕ್ಕೆ ಕಣ್ಣಿಲ್ಲ ಕಣೋ, ಕರ್ಟ್," ಎಂದು ಡ್ವೇನ್ ಮೊದಲನೆಯದಕ್ಕೆ ಹೇಳಿದರು.
"ಇದಕ್ಕೆ ಚಳಿ ಹಿಡಿದಿದೆ," ಎಂದು ಎರಡನೆಯದಕ್ಕೆ.
ಮೂರನೆಯದಕ್ಕೆ ತಾವೇ ತೀರ್ಪು ಕೊಟ್ಟಿರಿ: "ಇದು ಹೆಂಗಸರಿಗೆ ಮಾಡಿರೋದು ಅನ್ಸುತ್ತೆ."
ಅಭ್ಯಾಸ ಮಾಡಬೇಕಾದವಳು ಹೆಣ್ಣುಮಗಳೇ ಎಂಬುದನ್ನು ಅರ್ಜಿದಾರಳು ಆಗಲೇ ನೆನಪಿಸಬೇಕಿತ್ತು. ಕೈಯಲ್ಲಿ ಬಟ್ಟೆ ಬುಟ್ಟಿ ಇದ್ದ ಕಾರಣ ಒಳಗೆ ಹೋದಳು.

೩. ಡಿಸೆಂಬರಿನಲ್ಲಿ ಡ್ವೇನ್ ತಮ್ಮದೇ ಹಳೆಯ ದೊಡ್ಡ ಯಂತ್ರವನ್ನು ಪರೀಕ್ಷೆಗೆಂದು ತಂದಿಟ್ಟರು. ಅವರಿಗೆ ಹೊಸದು ಬೇಕಿತ್ತು, ಆದ್ದರಿಂದ ಹಳೆಯದು ನಮಗೆ ಅತ್ಯಂತ ಯೋಗ್ಯವೆಂದು ಅವರಿಗೆ ಮನವರಿಕೆಯಾಗಿತ್ತು. ಮೊದಲ ಏಟಿಗೇ ಅದು ತಮಗೆ ಇನ್ನೂರ ಇಪ್ಪತ್ತೊಂಬತ್ತು ಗಜ ಕೊಟ್ಟಿತು. ಗ್ಯಾರೇಜಿನಲ್ಲಿ ಎದ್ದ ಕೂಗಿಗೆ ಏನೋ ಬಿತ್ತೆಂದು ಅರ್ಜಿದಾರಳು ಓಡಿ ಬಂದಳು. ಬಿದ್ದಿದ್ದು ಏನೂ ಇಲ್ಲ. ಐವತ್ತೆರಡು ವರ್ಷದ ಇಬ್ಬರು ಗಂಡಸರು ಅಪ್ಪಿಕೊಂಡು ನಿಂತಿದ್ದರು. ಅಂದಿನಿಂದ "ಕಡಿಮೆ ಬೆಲೆ" ಎಂಬ ಪದದ ಅರ್ಥವೂ ಸ್ವಲ್ಪ ಹಿಗ್ಗಿ, ಮೊದಲು ನೋಡಿದ ಮೂರರ ಒಟ್ಟು ಬೆಲೆಯನ್ನು ದಾಟಿತು.

೪. ಆದರೂ ಸಮಿತಿಯ ನಿಷ್ಪಕ್ಷಪಾತಕ್ಕೆ ಕುಂದು ಬರಬಾರದೆಂದು ಫೆಬ್ರವರಿ ನಾಲ್ಕರಂದು ತಾವು ಅಂಗಡಿಯ ಅತಿ ಅಗ್ಗದ ಯಂತ್ರವನ್ನೂ ತಂದಿರಿ. ಬೆಣ್ಣೆ ಡಬ್ಬಿಯಷ್ಟೇ ಇದೆ. ಸಿಗ್ನೆ ತನ್ನ ಏಳನೇ ನಂಬರಿನ ಕೋಲಿನಿಂದ ಹೊಡೆದಾಗ ದೊಡ್ಡದು ನೂರ ಇಪ್ಪತ್ತೊಂಬತ್ತು ಗಜ ಎಂದಿತು, ಚಿಕ್ಕದು ನೂರ ಹದಿನೆಂಟು. ಹತ್ತು ಬಾರಿ ಹೊಡೆದರೂ ಇದೇ ವ್ಯತ್ಯಾಸ. "ಚಿಕ್ಕದು ಆಟದ ಸಾಮಾನು ಪುಟ್ಟಿ, ದೊಡ್ಡದನ್ನೇ ನಂಬು," ಎಂದಿರಿ. ಮಗು ನಂಬಿತು. ಅಪ್ಪನ ಮಾತಲ್ಲವೇ.

ಮಕ್ಕಳಿಗೆ ಜ್ವರ ಬಂದಾಗ ಎರಡು ಥರ್ಮಾಮೀಟರ್ ಎರಡು ಥರ ಹೇಳಿದರೆ, ಮನಸ್ಸಿಗೆ ಹಿತವಾಗಿ ಹೇಳಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯುವ ತಾಯಿಯನ್ನು ಅರ್ಜಿದಾರಳು ನೋಡಿಲ್ಲ. ಆದ ಕಾರಣ, ಡ್ರೈಯರ್ ನಿಲ್ಲುವುದನ್ನು ಕಾಯುತ್ತ ಕುಳಿತಿದ್ದ ಒಂದು ಮಂಗಳವಾರ ಅವಳು ಕೈಪಿಡಿಗಳನ್ನು ಓದಿದಳು. ಸಮಿತಿಯ ಪೈಕಿ ಯಾರೂ ಓದಿರಲಿಲ್ಲ. ಓದುವುದು ಸೋತಂತೆ ಎಂಬ ಭಾವನೆ ಇದ್ದಿರಬಹುದು. ದೊಡ್ಡ ಯಂತ್ರದ ಮೂವತ್ತೊಂದನೇ ಪುಟದಲ್ಲಿ ಹೀಗಿದೆ: ಎತ್ತರದ ಜಾಗಗಳಲ್ಲಿ ಗಾಳಿ ತೆಳು, ಚೆಂಡು ಹೆಚ್ಚು ದೂರ ಹೋಗುತ್ತದೆ, ಆದ್ದರಿಂದ ತಾವಿರುವ ಜಾಗ ಸಮುದ್ರಮಟ್ಟದಿಂದ ಎಷ್ಟು ಅಡಿ ಮೇಲಿದೆ ಎಂದು ಯಂತ್ರಕ್ಕೆ ತಿಳಿಸತಕ್ಕದ್ದು. ಯಂತ್ರದ ಸೆಟ್ಟಿಂಗ್ ತೆರೆದು ನೋಡಲಾಗಿ, ಅದರ ಪ್ರಕಾರ ನಮ್ಮ ಗ್ಯಾರೇಜು ಒಂಬತ್ತು ಸಾವಿರ ಅಡಿ ಎತ್ತರದಲ್ಲಿದ್ದುದು ಕಂಡುಬಂತು.

ಡ್ವೇನ್ ಎರಡು ವರ್ಷದ ಹಿಂದೆ ಕೊಲರಾಡೊದ ಬೆಟ್ಟದ ಮೇಲಿನ ತಮ್ಮ ಭಾವನ ಮನೆಗೆ ಯಂತ್ರ ಒಯ್ದಿದ್ದರು. ಅವರು ಇಳಿದು ಬಂದರು. ಯಂತ್ರ ಇನ್ನೂ ಅಲ್ಲೇ ಇದೆ.

ಬ್ರೇನರ್ಡ್ ಇರುವುದು ಸುಮಾರು ಸಾವಿರದ ಇನ್ನೂರು ಅಡಿಯಲ್ಲಿ. ಅರ್ಜಿದಾರಳು ಯಾರಿಗೂ ಹೇಳದೆ ಗ್ಯಾರೇಜನ್ನು ಕೆಳಗಿಳಿಸಿ, ಬಟ್ಟೆ ಮಡಚಲು ಹೋದಳು.

೫. ಮರುದಿನ ಬುಧವಾರ ತಾವು ಒಂದೇ ಏಟು ಹೊಡೆದು, "ಗ್ರೆಚೆನ್! ಯಂತ್ರ ಕೆಟ್ಟುಹೋಯ್ತು!" ಎಂದು ಕೂಗಿದಿರಿ.
"ಏನಾಯ್ತು?"
"ಇಪ್ಪತ್ತು ಗಜ ನುಂಗಿಬಿಟ್ಟಿದೆ! ನೀನೇನಾದ್ರೂ ಮುಟ್ಟಿದ್ಯಾ?"
"ಧೂಳು ಒರೆಸಿದೆ."
"ಅದನ್ನ ಒರೆಸ್ಬಾರ್ದು ಕಣೆ! ಅದು ಸೂಕ್ಷ್ಮ!"

ಡ್ವೇನ್ ಬಂದರು. ಒಂದು ಗಂಟೆ ಮೊಣಕಾಲೂರಿ ದುರಸ್ತಿ ಮಾಡಿದರು. ದುರಸ್ತಿಯ ನಂತರ ಗ್ಯಾರೇಜು ಒಂಬತ್ತು ಸಾವಿರ ಅಡಿಗೆ ಮರಳಿತ್ತು. ಆದ್ದರಿಂದ ಅರ್ಜಿದಾರಳಿಗೆ ಮನದಟ್ಟಾದದ್ದೇನೆಂದರೆ, ಸದರಿ ದೊಡ್ಡ ಯಂತ್ರವನ್ನು ಎಷ್ಟು ಸಲ ಇಳಿಸಿದರೂ ಅದು ಹತ್ತುತ್ತದೆ. ಚಿಕ್ಕದಕ್ಕೆ ಈ ಸೌಲಭ್ಯ ಇಲ್ಲ. ಅಗ್ಗದ್ದಾದ ಕಾರಣ ಅದಕ್ಕೆ ಬೆಟ್ಟ ಹತ್ತಲು ಬರುವುದಿಲ್ಲ.

(ಇಲ್ಲಿ ಓವನ್ ಕೂಗಿತು. ನೋಡಿ ಬಂದೆ, ಮೇಲಿನ ಆಲೂಗಡ್ಡೆ ಇನ್ನೂ ಕೆಂಪಾಗಬೇಕು.)

೬. ಈಗ ನೋವಿನ ಅಂಶ. ಹೋದ ಶನಿವಾರ ಕೋಚ್ ಎಲ್ಲ ಹುಡುಗಿಯರನ್ನೂ ಸೇಂಟ್ ಕ್ಲೌಡ್ ಊರಿನ ಒಳಾಂಗಣ ಗಾಲ್ಫ್ ಕೇಂದ್ರಕ್ಕೆ ಕರೆದಿದ್ದರು. ತಾವು ಸಮಿತಿ ಸಭೆಯಲ್ಲಿದ್ದ ಕಾರಣ ಕಾರು ಓಡಿಸಿದ್ದು ಅರ್ಜಿದಾರಳು. ಅಲ್ಲಿ ದೊಡ್ಡ ಪರದೆಯ ಮೇಲೆ ಕೊಳ, ಕೊಳದಾಚೆ ಬಾವುಟ. ಕೋಚ್ ದೂರ ಹೇಳುತ್ತಾರೆ, ಹುಡುಗಿಯರು ಕೋಲು ಆರಿಸಬೇಕು. ಆಯ್ಕೆಯ ದಿನವೂ ಇದೇ ಪರೀಕ್ಷೆ.

"ಕೊಳ ದಾಟೋಕೆ ನೂರಿಪ್ಪತ್ತೈದು," ಎಂದರು ಕೋಚ್.
ನಮ್ಮ ಮಗಳು ಯೋಚಿಸಲೇ ಇಲ್ಲ. ಧೈರ್ಯವಾಗಿ ಏಳನೇ ನಂಬರು ತೆಗೆದಳು. ಹೊಡೆತ ಚೆನ್ನಾಗಿಯೇ ಇತ್ತು. ನೀರಿಗೆ ಬಿತ್ತು. ಇನ್ನೊಂದು, ನೀರಿಗೆ. ಮೂರನೆಯದೂ ನೀರಿಗೆ. ಹಿಂದೆ ಯಾರೋ ಕಿಸಕ್ಕೆಂದರು.
"ಹೊಡೆತದಲ್ಲಿ ತಪ್ಪಿಲ್ಲಮ್ಮ," ಎಂದರು ಕೋಚ್, ಮೆಲ್ಲಗೆ. "ನಿನ್ನ ಕೋಲು ಎಷ್ಟು ದೂರ ಹೋಗುತ್ತೆ ಅಂತ ನಿಂಗೇ ಗೊತ್ತಿಲ್ವಲ್ಲ. ಅದು ಗೊತ್ತಿಲ್ದೆ ನಾನು ಹೇಗೆ ತಗೊಳ್ಳಲಿ?"

ವಾಪಸು ಬರುವ ಒಂದು ಗಂಟೆ ಮಗು ಕಿಟಕಿಯ ಕಡೆ ತಿರುಗಿ ಕುಳಿತಿತ್ತು.

೭. ಮರುದಿನ ಭಾನುವಾರ, ಚರ್ಚಿನಿಂದ ಬಂದ ಮೇಲೆ, ತಾವು ಸೋಫಾದ ಮೇಲೆ ಸಮಿತಿಯ ಪರವಾಗಿ ಕಣ್ಣು ಮುಚ್ಚಿದ್ದಾಗ, ಸಿಗ್ನೆ ಮತ್ತು ನಾನು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋದೆವು. ಜೊತೆಗೆ ತಮ್ಮ ಉದ್ದನೆಯ ಅಳತೆ ಪಟ್ಟಿ, ಆರು ಕಿತ್ತಳೆ ಬಣ್ಣದ ಚೆಂಡು, ಏಳನೇ ನಂಬರಿನ ಕೋಲು. ಹಿಮದ ವಿಶೇಷವೇನೆಂದರೆ ಅದರ ಮೇಲೆ ಚೆಂಡು ಉರುಳುವುದಿಲ್ಲ. ಎಲ್ಲಿ ಬೀಳುತ್ತದೋ ಅಲ್ಲೇ ತೂತು ಮಾಡಿ ಒಳಗೆ ಕೂರುತ್ತದೆ. ಸುಳ್ಳು ಹೇಳಲು ಅದಕ್ಕೆ ಜಾಗವೇ ಇಲ್ಲ.

ಮಂಜುಗಡ್ಡೆಯ ತೂತಿನ ಪಕ್ಕ ಬಕೆಟ್ ಬೋರಲು ಹಾಕಿ ಕುಳಿತು ಗಾಳ ಬಿಟ್ಟಿದ್ದ ಮುದುಕರೊಬ್ಬರು ಕೇಳಿದರು, "ಏನಮ್ಮ, ಮೀನನ್ನ ಹೊಡೆದು ಸಾಯಿಸೋ ಪ್ಲಾನಾ?"
"ಇಲ್ಲ, ದೂರ ಅಳೀತಿದ್ದೀವಿ."
"ಯಾವುದರಿಂದ ದೂರ?"
"ಗ್ಯಾರೇಜಿನಿಂದ," ಎಂದಳು ಸಿಗ್ನೆ. ಸೇಂಟ್ ಕ್ಲೌಡಿನಿಂದ ಬಂದ ಮೇಲೆ ಅವಳು ಮೊದಲು ನಕ್ಕಿದ್ದು ಆಗ.

ಆರರಲ್ಲಿ ನಾಲ್ಕು ತೂತು ಸಿಕ್ಕವು. ನೂರ ಹನ್ನೆರಡು, ನೂರ ಹತ್ತು, ನೂರ ಹದಿಮೂರು, ನೂರ ಹನ್ನೆರಡು ಗಜ.
"ಚಳಿಗೆ ಚೆಂಡು ಕಲ್ಲಾಗಿದೆ ಅಮ್ಮ, ಐದಾರು ಗಜ ಅದಕ್ಕೇ ಹೋಗುತ್ತೆ," ಎಂದಳು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿ ನಿಂತುಬಿಟ್ಟಳು. "ಚಿಕ್ಕದೇ ಸರಿ."
"ಹಾಗಾದ್ರೆ ಅಪ್ಪನಿಗೆ ಹೇಳೋಣ."
"ಬೇಡಮ್ಮ."
"ಯಾಕೆ?"
"ಭುಜದ ಆಪರೇಷನ್ ಆದ್ಮೇಲೆ ಅಪ್ಪ ಸರಿಯಾಗಿ ನಕ್ಕಿದ್ದೇ ಆ ದೊಡ್ಡದು ಬಂದ ದಿನ. ನಿಂಗೆ ನೆನಪಿಲ್ವಾ? ಚಿಕ್ಕದು ಸರಿ ಅಂದ್ರೆ ಅವರ ನಂಬರೂ ಅಷ್ಟೇ ಅಂತ ಆಗುತ್ತಲ್ಲ. ನಾನೇ ಹೆಂಗೋ ಹನ್ನೊಂದು ಗಜ ಕಳ್ದು ಲೆಕ್ಕ ಹಾಕ್ಕೋತೀನಿ ಬಿಡು."

ಹತ್ತು ಕೋಲು, ಪ್ರತಿಯೊಂದಕ್ಕೂ ಬೇರೆ ಕಳೆಯುವಿಕೆ, ಎದುರಿಗೆ ಕೋಚ್, ಹಿಂದೆ ಕಿಸಕ್ಕೆನ್ನುವ ಹುಡುಗಿಯರು. ಅಪ್ಪನ ನಗು ಉಳಿಸಲು ಹದಿನಾರರ ಹುಡುಗಿ ತನ್ನ ಸ್ಥಾನವನ್ನೇ ಪಣಕ್ಕಿಡಲು ಸಿದ್ಧಳಿದ್ದಾಳೆ. ಸಮಿತಿಯ ನಡಾವಳಿಯಲ್ಲಿ ಈ ಅಂಶ ದಾಖಲಾಗಿಲ್ಲವಾದ ಕಾರಣ ಇಲ್ಲಿ ದಾಖಲಿಸಿದೆ. ಹೇಳುವುದಿಲ್ಲ ಎಂದು ಅರ್ಜಿದಾರಳು ಮಗಳಿಗೆ ಮಾತು ಕೊಟ್ಟಿದ್ದಾಳೆ. ಬರೆಯುವುದಿಲ್ಲ ಎಂದು ಕೊಟ್ಟಿಲ್ಲ.

೮. ಇಂದು ಬೆಳಿಗ್ಗೆ ತಾವು ಚಿಕ್ಕ ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಿಸಿರುವುದನ್ನು ಅರ್ಜಿದಾರಳು ಗಮನಿಸಿದ್ದಾಳೆ. ಇಂದು ಅದರ ಮೂವತ್ತನೇ ದಿನ. ಅಂಗಡಿ ಐದಕ್ಕೆ ಮುಚ್ಚುತ್ತದೆ. ಡ್ವೇನ್ ಐದೂವರೆಗೆ ದೊಡ್ಡ ಯಂತ್ರದ ಚೆಕ್ ತೆಗೆದುಕೊಳ್ಳಲು ಬರುತ್ತಾರೆ, ಬಹುಶಃ ಊಟಕ್ಕೂ.

ಆದ್ದರಿಂದ ತಮ್ಮಲ್ಲಿ ವಿನಯಪೂರ್ವಕ ಕೋರಿಕೆ ಏನೆಂದರೆ:

(ಅ) ಚಿಕ್ಕ ಯಂತ್ರವನ್ನು ಆಯ್ಕೆಯಾಗಿದೆ ಎಂದು ಘೋಷಿಸಿ, ಇಂದಿನಿಂದಲೇ ಸಿಗ್ನೆಯ ವಶಕ್ಕೆ ಕೊಡುವುದು. ಉಳಿದಿರುವುದು ಹತ್ತು ದಿನ, ಕೋಲು ಹತ್ತು. ದಿನಕ್ಕೊಂದು.

(ಆ) ದೊಡ್ಡ ಯಂತ್ರವನ್ನು ಡ್ವೇನ್ ಅವರಿಗೆ ಗೌರವಪೂರ್ವಕವಾಗಿ ಹಿಂದಿರುಗಿಸುವುದು. ಕಾರಣ ಕೇಳಿದರೆ ಹೆಂಡತಿ ಒಪ್ಪಲಿಲ್ಲ ಎನ್ನಬಹುದು. ಈ ಕಾರಣವನ್ನು ನಮ್ಮ ಬೀದಿಯಲ್ಲಿ ಯಾರೂ ಮರುಪ್ರಶ್ನಿಸುವುದಿಲ್ಲ.

(ಇ) ತಾವು ಹೊಡೆಯುವ ಸಮಯದಲ್ಲಿ ಚಿಕ್ಕ ಯಂತ್ರದ ಪರದೆಯ ಮೇಲೆ ಟವೆಲ್ ಹೊದಿಸಲು ಅನುಮತಿ ನೀಡುವುದು. ಹಾಗೆ ಹೊದಿಸಿದಾಗ ಅರ್ಜಿದಾರಳು ತಮ್ಮ ಹಿಂದೆ ನಿಂತು, ಚೆಂಡು ಬಲೆಗೆ ಬಡಿದ ಸದ್ದು ಕೇಳಿ, ದೂರವನ್ನು ಬಾಯಿಯಲ್ಲಿ ಘೋಷಿಸುವಳು. ಭುಜದ ವ್ಯಾಯಾಮ ಮಾಡಿದ ದಿನ ಹೆಚ್ಚು ಬರುವ ಸಂಭವವಿದೆ. ಈ ಘೋಷಣೆಗಳ ನಿಖರತೆಯನ್ನು ಯಾವ ಸಮಿತಿಯೂ ಪರಿಶೀಲಿಸತಕ್ಕದ್ದಲ್ಲ.

(ಈ) ಹದಿನಾರನೇ ತಾರೀಖು ಸಭೆ ಇಟ್ಟುಕೊಳ್ಳದೆ, ಮಗಳನ್ನು ತಾವೇ ಕಾರಿನಲ್ಲಿ ಕರೆದೊಯ್ದು, ಹಿಂದಿನ ಸಾಲಿನಲ್ಲಿ ಕೂರುವುದು. ನೀರಿಗೆ ಬಿದ್ದರೂ, ದಾಟಿದರೂ, ವಾಪಸು ಬರುವಾಗ ಅವಳು ಯಾವ ಕಡೆ ತಿರುಗಿ ಕೂರುತ್ತಾಳೆ ಎಂಬುದನ್ನು ತಾವು ಖುದ್ದಾಗಿ ನೋಡುವುದು.

ಮೇಲಿನವುಗಳಲ್ಲಿ ಎಲ್ಲವನ್ನೂ ಮಂಜೂರು ಮಾಡಲು ಸಾಧ್ಯವಾಗದಿದ್ದಲ್ಲಿ, ಕೊನೆಯದನ್ನು ಮಾಡಿ. ಅದನ್ನು ಮಾಡಿದರೆ ಉಳಿದವು ತಾವಾಗಿಯೇ ಆಗುತ್ತವೆ ಎಂದು ಅರ್ಜಿದಾರಳ ಹತ್ತೊಂಬತ್ತು ವರ್ಷದ ಅನುಭವ.

ಇಂತಿ,
ತಮ್ಮ ವಿಶ್ವಾಸಿಯೂ, ಭುಜದ ಬಿಸಿನೀರಿನ ಚೀಲದ ಉಸ್ತುವಾರಿಯೂ ಆದ,
ಗ್ರೆಚೆನ್

ಲಗತ್ತುಗಳು:
೧. ದೊಡ್ಡ ಯಂತ್ರದ ಕೈಪಿಡಿಯ ಮೂವತ್ತೊಂದನೇ ಪುಟ (ಮಾಂಸದ ಸಾರಿನ ಕಲೆ ಅರ್ಜಿದಾರಳದು).
೨. ಕೆರೆಯ ಮೇಲೆ ಸಿಗ್ನೆಯ ಕೈಬರಹದ ನಾಲ್ಕು ಅಳತೆಗಳು, ಕೈಗವಸು ಹಾಕಿಕೊಂಡು ಬರೆದಿದ್ದು.
೩. ಒಗೆದು ಮಡಚಿದ ಟವೆಲ್, ಒಂದು.

ವಿ.ಸೂ.: ಉತ್ತರವನ್ನು ಬರಹದಲ್ಲಿ ಕೊಡುವ ಅಗತ್ಯವಿಲ್ಲ. ಐದು ಗಂಟೆಯೊಳಗೆ ಹಿಂದಿನ ಸೀಟಿನ ಬೆಲ್ಟ್ ಬಿಚ್ಚಿ ಪೆಟ್ಟಿಗೆಯನ್ನು ಒಳಗೆ ತಂದಲ್ಲಿ ಅರ್ಜಿ ಮಂಜೂರಾಯಿತೆಂದು ಭಾವಿಸಲಾಗುವುದು. ತರುವಾಗ ದಯವಿಟ್ಟು ಬೂಟು ಹೊರಗೆ ಬಿಟ್ಟು ಬರಬೇಕಾಗಿ ಕೋರಿಕೆ. ನೆಲ ಈಗಷ್ಟೇ ಒರೆಸಿದೆ.