ನಾನು ಬಿಡದ ತೊಟ್ಟಿಲ ಹಗ್ಗ

ಮನೆಗೆ ಮೊಮ್ಮಗು ಬಂದಾಗ ಅಜ್ಜಿಯಾದವಳು ಒಂದಿಷ್ಟು ದಿನ ಬಾಯಿ ಮುಚ್ಚಿಕೊಂಡು ಕೂಡುವುದು ಒಳ್ಳೆಯದು. ಸಂತೋಷ ಉಕ್ಕುವಾಗ ನಾವಾಡುವ ಮಾತೂ ಮಾಡುವ ಕೆಲಸವೂ ನಮ್ಮ ಹಿಡಿತದಲ್ಲಿರುವುದಿಲ್ಲ. ಹೀಗೆಂದು ನಾನು ಯಾರಿಗೂ ಬುದ್ಧಿ ಹೇಳುತ್ತಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ಯಾರಿಗೆ ಬುದ್ಧಿ ಹೇಳಿಯಾಳು? ನನ್ನ ಮಗಳು ಸುಶೀಲಾ ಹೋದ ತಿಂಗಳು ಎರಡನೆಯ ಬಾರಿ ಹಡೆದಿದ್ದಾಳೆ. ಗಂಡು ಕೂಸು. ಕೈ ನೋಡಿದರೆ ಕೈ, ಕಾಲು ನೋಡಿದರೆ ಕಾಲು, ಬೆಣ್ಣೆಯಲ್ಲಿ ಮಾಡಿದ ಹಾಗಿದೆ. ನಾನು ತಿಕೋಟಾದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿ, ಸಾಲದ್ದಕ್ಕೆ ವಿಜಾಪುರದ ಬಸ್ಸಿನ ಕಂಡಕ್ಟರನ ಬಾಯಿಗೂ ಒಂದು ಮುಷ್ಟಿ ತುಂಬಿದೆ. ಅವನು ಸೀಟಿ ಊದಲಾರದೆ ಬಸ್ಸು ಊರ ಅಗಸಿ ಬಾಗಿಲಲ್ಲೇ ನಿಂತಿತು. ಇಷ್ಟು ಸಂತೋಷದ ನಡುವೆಯೂ ನನಗೊಂದು ನಾಚಿಕೆ ಅಂಟಿಕೊಂಡಿದೆ. ಅದು ಎರಡು ವರ್ಷದ ಹಳೆಯ ನಾಚಿಕೆ. ಎಮರ್ಜೆನ್ಸಿ ಹೋದ ವರ್ಷ ಮೊದಲ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಹುಟ್ಟಿದ್ದು. ಬರೆದರೆ ಕಡಿಮೆಯಾದೀತೆಂದು ಬರೆಯುತ್ತಿದ್ದೇನೆ.

ನನ್ನ ದನಿಯ ವಿಷಯ ಮೊದಲು ಹೇಳಬೇಕು. ಹೇಳದಿದ್ದರೂ ನಡೆಯುತ್ತದೆ, ಆದರೆ ಹೇಳದೆ ಇರಲಾರೆ. ನಾನು ಮಮದಾಪುರದಿಂದ ತಿಕೋಟಾಕ್ಕೆ ಸೊಸೆಯಾಗಿ ಬಂದ ವರ್ಷದಿಂದ ಈ ಓಣಿಯ ಮದುವೆ, ಸೀಮಂತ, ತೊಟ್ಟಿಲು, ಎಲ್ಲಕ್ಕೂ ಎತ್ತಿ ಹಾಡುವವಳು ನಾನೇ. ಎತ್ತಿ ಹಾಡುವುದೆಂದರೆ ಒಬ್ಬಳು ಮುಂದಾಗಿ ಸಾಲು ಹಾಡುವುದು. ಉಳಿದವರು ಅದನ್ನೇ ಹಿಂದೆ ಹಿಡಿಯುವುದು. ನಾನು ಯಾರ ಹಿಂದೆಯೂ ಹಿಡಿದವಳಲ್ಲ. ತೊಟ್ಟಿಲ ಹಾಡಿಗಂತೂ ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ತೊಟ್ಟಿಲ ಹಗ್ಗ ಯಾರ ಕೈಯಲ್ಲಿದೆಯೋ ಅವಳೇ ಎತ್ತಿ ಹಾಡಬೇಕು. ಅವಳು ಹಗ್ಗ ಬಿಟ್ಟುಕೊಟ್ಟರೆ ಮಾತ್ರ ಇನ್ನೊಬ್ಬಳು ಹಾಡಬಹುದು. ಹಾಡು ನಿಂತ ಮೇಲೆಯೇ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೆಸರು ಹೇಳಿದ ಮೇಲೆ ಹಾಡು ಇಲ್ಲ. ಸೋದರತ್ತೆಯ ಬೆನ್ನ ಮೇಲೆ ಹೆಂಗಸರೆಲ್ಲ ಸೇರಿ ಗುದ್ದುವುದು, ಗುಗ್ಗರಿ ತಿನ್ನುವುದು, ಅಷ್ಟೇ. ನಲವತ್ತು ವರ್ಷ ಆ ಹಗ್ಗ ನನ್ನ ಕೈಯಲ್ಲಿಯೇ ಇತ್ತು. ನಮ್ಮ ಮನೆಯವರು ಮಾತ್ರ ಆಗಾಗ ಅನ್ನುತ್ತಿದ್ದರು: "ದೇವರು ನಿನಗ ದನಿ ಕೊಟ್ಟಾನ, ಕೀಲಿ ಕೊಡೂದ ಮರತಾನ ನೋಡು."

ಹೀಗಿರುವಾಗ ಸುಶೀಲಾಳನ್ನು ಬಬಲೇಶ್ವರದ ಮನೆತನಕ್ಕೆ ಕೊಟ್ಟೆವು. ಅಳಿಯ ಬಸವರಾಜ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಸಾರ ಅಥಣಿ ರಸ್ತೆಯ ಹೊಸ ಮನೆಗಳಲ್ಲಿ ಒಂದರಲ್ಲಿದೆ. ಹುಡುಗ ಬಂಗಾರ. ಅವನ ತಾಯಿ ನೀಲವ್ವ, ಅಂದರೆ ನನ್ನ ಬೀಗತಿ, ಬಬಲೇಶ್ವರದ ತಮ್ಮ ಓಣಿಗೆ ಎತ್ತಿ ಹಾಡುವವಳು! ಇದು ನನಗೆ ಮದುವೆಯ ದಿನ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಸಂಬಂಧ ಬಿಡುತ್ತಿದ್ದೆನೆಂದಲ್ಲ, ಆದರೆ ಇನ್ನಷ್ಟು ವಿಚಾರ ಮಾಡುತ್ತಿದ್ದೆ. ಆಕೆ ಮೊರದಷ್ಟು ಎತ್ತರದ ಹೆಂಗಸು, ದನಿ ಗುಬ್ಬಿಯದು. ಮದುವೆಯಲ್ಲಿ ಆಕೆ ಬಾಯಿ ತೆರೆಯುವಷ್ಟರಲ್ಲಿ ನಾನು ಮೂರು ಪದ ಮುಗಿಸಿದ್ದೆ.

ಸುಶೀಲಾ ಬಸುರಿಯಾದಾಗ ಅವಳನ್ನು ನೋಡಲು ಅಥಣಿ ರಸ್ತೆಯ ಮನೆಗೆ ಹೋದೆ. ಅಳಿಯನಿಗೆ ಇಂಗ್ಲಿಷ್ ಹಾಡಿನ ಹುಚ್ಚು. ರೊಟ್ಟಿ ಬಡಿಯುವ ಪರಾತದಷ್ಟು ದೊಡ್ಡ ಕರಿ ತಟ್ಟೆಗಳನ್ನು ಮುಂಬೈಯಿಂದ ತರಿಸಿ ಇಟ್ಟಿದ್ದಾನೆ. ಅಂದು ಒಂದನ್ನು ತಿರುಗಿಸಿದ. ಗುಡುಗು ಸಿಡಿಲಿನಂತೆ ಬಾರಿಸುತ್ತಿದ್ದರು. ಆ ಮೇಳದ ಹೆಸರು ನನ್ನ ನಾಲಿಗೆಯಲ್ಲಿ ತಿರುಗುವುದಿಲ್ಲ. ತಟ್ಟೆಯ ಹೊದಿಕೆಯ ಮೇಲೆ ನಾಲ್ಕು ಜನ ಗಂಡಸರು, ನಾಲ್ವರಿಗೂ ನನಗಿಂತ ಉದ್ದ ಕೂದಲು.

"ಇದರಾಗ ಎತ್ತಿ ಹಾಡಾಂವ ಯಾರ್ರಿ?" ಎಂದು ಕೇಳಿದೆ.

"ಎಲ್ಲಾರೂ ರಿ ಅತ್ತಿ," ಎಂದ ಅಳಿಯ.

"ಎಲ್ಲಾರೂ ಎತ್ತಿದರ ಹಿಂದ ಹಿಡಿಯಾವರು?"

"ಅವರ ರಿ. ಈ ಪದಕ್ಕ ಇಂವ ಮುಂದ. ಇನ್ನೊಂದ ಪದಕ್ಕ ಇಂವ ಹಿಂದ ಸರೀತಾನ, ಆಂವ ಮುಂದ ಬರ್ತಾನ. ಡೋಲ ಬಡಿಯಾಂವ ಸುದ್ದಾ ಒಂದ ಪದ ಹಾಡತಾನ."

"ನಮ್ಮ ಕಡೆ ಡೋಲಿನಾಂವ ಹಾಡಿದ್ರ ಬೀಗರು ಎದ್ದ ಹೋಗ್ತಾರ," ಎಂದೆ.

ಅಳಿಯ ನಕ್ಕು ಇನ್ನೊಂದು ತಟ್ಟೆ ತೆಗೆದ. ಅದರಲ್ಲಿ ಇಬ್ಬರು ಹೆಂಗಸರು, ಮೂವರು ಗಂಡಸರು. ಐವರಲ್ಲಿ ಮೂವರು ಸರದಿಯಂತೆ ಮುಂದೆ ನಿಂತು ಹಾಡುತ್ತಾರಂತೆ. "ಇವರೊಳಗ ಒಂದ ಜೋಡಿ ಗಂಡ ಹೆಂಡ್ತಿ ಇದ್ರು. ಸೋಡಚೀಟಿ ಆಗಿ ಬ್ಯಾರೆ ಆಗ್ಯಾರ್ರಿ. ಇನ್ನೊಂದ ಜೋಡಿನೂ ಕೂಡಿ ಇದ್ದದ್ದು ಬಿಟ್ಟೈತಿ. ಆದ್ರೂ ಒಬ್ಬರ ಪದಕ್ಕ ಇನ್ನೊಬ್ಬರು ಹಿಂದ ಹಿಡಿತಾರ, ಕೇಳ್ರಿ."

"ಅಯ್ಯ ಶಿವನ! ಬೈಕೋತ ಹಿಡಿತಾರೇನು?"

"ಪದದಾಗ ಒಬ್ಬರಿಗೊಬ್ಬರು ಬೈತಾರಂತ್ರಿ. ಆದ್ರ ಸುರ ತಪ್ಪಂಗಿಲ್ಲ."

ನಾನು ಕಿವಿಗೊಟ್ಟು ಕೇಳಿದೆ. ಹೆಂಗಸೊಬ್ಬಳು ಹಾಡುತ್ತಿದ್ದಳು, ಅವಳ ದನಿಯ ಕೆಳಗೆ ಇನ್ನೆರಡು ದನಿಗಳು ಕೌದಿಯ ಒಳಪದರಿನ ಹಾಗೆ ಮೆತ್ತಗೆ ಬಂದು ಸೇರಿದವು. ಮೇಲಿನದು ಯಾವುದು, ಕೆಳಗಿನದು ಯಾವುದು ಗೊತ್ತಾಗಲಿಲ್ಲ. ಚಂದವೇ ಇತ್ತು. ಆದರೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಒಬ್ಬರಿಗೂ ಪೂರಾ ಹಾಡಾಕ ಬರಂಗಿಲ್ಲ, ಅದಕ್ಕ ಹಂಚಕೊಂಡಾರ," ಎಂದೆ.

ಅಳಿಯ ಸೂಜಿ ಎತ್ತಿಟ್ಟ. ಅವನಿಗೆ ಬೇಕಾದದ್ದು ಬೇರೆ ಇತ್ತು. "ಅತ್ತಿ, ಒಂದ ಮಾತ ಕೇಳ್ಲಿ? ಕೂಸಿನ್ನ ತೊಟ್ಟಲಕ ಹಾಕೂ ದಿನ ನಮ್ಮವ್ವಗ ಒಂದ ಪದ ಬಿಟ್ಟುಕೊಡ್ರಿ. ಎರಡ ತಿಂಗಳಾತು, ತಾನ ಕಟ್ಟಾಕತ್ತಾಳ. ಜ್ವಾಳ ಹಸನ ಮಾಡಕೋತ ಒಬ್ಬಾಕಿನ ಗುಣುಗುಣು ಅಂತಿರತಾಳ."

"ಒಂದ್ಯಾಕ್ರಿ, ಹತ್ತ ಹಾಡ್ಲಿ! ನಾ ಏನ್ ಬ್ಯಾಡ ಅಂತೇನೇನು?" ಎಂದು ಮಾತು ಕೊಟ್ಟೆ. ಮಗಳು ಒಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ತಾಯಿಯ ಮಾತಿನ ತೂಕ ಗೊತ್ತಿರುತ್ತದೆ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಬಬಲೇಶ್ವರದ ಬೀಗರು ವಿಜಾಪುರದಲ್ಲಿ ಬಸ್ಸು ಬದಲಿಸಿ ತಿಕೋಟಾಕ್ಕೆ ಬಂದಿಳಿದರು. ನೀಲವ್ವ ಹಸಿರು ಇಳಕಲ್ ಸೀರೆ ಉಟ್ಟು, ಬಾಯಲ್ಲಿ ಲವಂಗ ಇಟ್ಟುಕೊಂಡು ಬಂದಿದ್ದಳು. ಲವಂಗ ನೋಡಿದ ಕೂಡಲೇ ನನಗೆ ತಿಳಿಯಿತು. ಅದು ಹಾಡುವವರ ಲವಂಗ. ಅಳಿಯ ಟೇಪ್ ರೆಕಾರ್ಡರ್ ತಂದು ತಾಯಿಯ ಪಕ್ಕದ ಕಿಟಕಿಯಲ್ಲಿ ಇಟ್ಟ. "ಇಬ್ಬರ ಪದನೂ ತುಂಬಕೊಂಡ ಹೋಗೂಣು," ಎಂದ.

ನಾನು ಹಗ್ಗ ಹಿಡಿದೆ. ಐದು ನುಡಿ ಹಾಡಿ ಕೊಟ್ಟುಬಿಡೋಣ ಎಂದೇ ಹಿಡಿದೆ, ದೇವರಾಣೆಗೂ. ಆದರೆ ತೊಟ್ಟಿಲಲ್ಲಿ ಮೊಮ್ಮಗಳು ಮುಷ್ಟಿ ಕಟ್ಟಿ ಮಲಗಿದ್ದಳು, ಓಣಿಯೆಲ್ಲ ನೆರೆದಿತ್ತು, ಕೆಂಪು ದೀಪದ ಟೇಪು ಓಡುತ್ತಿತ್ತು. ನನ್ನ ಕೊರಳು ಆ ದಿನ ಸುಗ್ಗಿಯ ಹಾಗೆ ಸುರಿಯಿತು. ದೇವರುಗಳು ಮುಗಿದರು. ಬಂಧು ಬಳಗ ಮುಗಿಯಿತು. ಕೂಸಿನ ಕಾಲ್ಗಡಗ, ಬಿಂದಲಿ, ಕುಂಚಿಗೆ ಮುಗಿದವು. ನೀಲವ್ವ ಮೆಲ್ಲಗೆ ಹಗ್ಗದ ಕಡೆ ಕೈ ಚಾಚಿದಳು. ನಾನು ಕಾಣದವಳಂತೆ ಮಗ್ಗಲು ತಿರುಗಿದೆ. ಎತ್ತುಗಳ ಮೇಲೆ ಹಾಡಿದೆ, ಎಮ್ಮೆಯ ಮೇಲೆ ಹಾಡಿದೆ. ಆಕೆ ಮತ್ತೊಮ್ಮೆ ಕೈ ಚಾಚಿದಳು. ನೀರು ಕಾಯಿಸುವ ಹಂಡೆಯ ಮೇಲೂ ಒಂದು ನುಡಿ ಕಟ್ಟಿದೆ. ಸೋದರತ್ತೆಯಾದ ಅಳಿಯನ ತಂಗಿ ಕಸ್ತೂರಿ ಹೆಸರು ಹೇಳಲು ಬಗ್ಗಿದವಳು ಬಗ್ಗಿಯೇ ಇದ್ದಳು. ಗುದ್ದಲು ಮುಷ್ಟಿ ಎತ್ತಿದ ಹೆಂಗಸರು ಕೈ ಸೋತು ಇಳಿಸಿದ್ದರು.

"ಅತ್ತಿ, ಗುದ್ದೂಕಿಂತ ಮದಲ ನನ್ನ ಬೆನ್ನ ಮುರೀತ ರಿ," ಎಂದಳು ಕಸ್ತೂರಿ.

ಹೊರಗಿನ ಕಟ್ಟೆಯಿಂದ ನಮ್ಮ ಮನೆಯವರು ಕೂಗಿದರು: "ಏ ಇಕಿನ, ಕೂಸಿಗೆ ಹೆಸರ ಇಡತೀಯೋ, ಹಂಗ ಲಗ್ನಾ ಮಾಡಿ ಕಳಸತೀಯೋ? ಬೀಗರ ಬಸ್ಸಿನ ಹೊತ್ತಾತು!"

ಎಲ್ಲರೂ ನಕ್ಕರು. ನಾನು ನಿಲ್ಲಿಸಿದೆ. ಕಸ್ತೂರಿ ಸಿಕ್ಕಿದ್ದೇ ಹೊತ್ತೆಂದು ಫಟ್ಟನೆ ಹೆಸರು ಹೇಳಿಬಿಟ್ಟಳು. ಗುದ್ದು ಬಿದ್ದವು, ಗುಗ್ಗರಿ ಹಂಚಿದರು, ಹಾಡಿನ ಹೊತ್ತು ಮುಗಿಯಿತು. ನೀಲವ್ವ ಬಾಯಿಂದ ಲವಂಗ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಹೋಗುವಾಗ, "ಛಲೋ ಹಾಡಿದ್ರಿ ಬೀಗರ," ಎಂದಳು. ಆ ಮಾತಿನಲ್ಲಿ ಚುಚ್ಚು ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಇರಲಿಲ್ಲ. ಗೆದ್ದೆನೆಂದುಕೊಂಡು ಎರಡು ಸಲ ಗುಗ್ಗರಿ ತಿಂದೆ.

ಮೂರು ತಿಂಗಳಾದ ಮೇಲೆ ಮಗಳನ್ನೂ ಕೂಸನ್ನೂ ಅಥಣಿ ರಸ್ತೆಯ ಮನೆಗೆ ಬಿಡಲು ಹೋದೆ. ಹೋದವಳೇ ಅಳಿಯನಿಗೆ, "ಎಲ್ಲಿ, ನನ್ನ ಪದ ಕೇಳಸ್ರಿ," ಎಂದೆ. ಅವನು ಹಿಂದೆ ಮುಂದೆ ನೋಡಿದ. ಸುಶೀಲಾ, "ಹಚ್ಚರಿ, ಕೇಳ್ಲಿ," ಎಂದಳು.

ಟೇಪು ತಿರುಗಿತು. ನನ್ನ ದನಿ ಕೇಳಿ ನಾನೇ ಹಿಗ್ಗಿದೆ. ಐದು ನುಡಿ ಸರಿಯಾಗಿತ್ತು. ಆರನೆಯದಕ್ಕೆ ನಾನು ತಡವರಿಸಿದೆ. ಅಲ್ಲಿಯೇ ಒಂದು ಗುಬ್ಬಿದನಿ ಮೆಲ್ಲಗೆ ಮುಂದಿನ ಸಾಲು ಹೇಳಿತು. ನಾನು ಅದನ್ನೇ ಹಿಡಿದು ಜೋರಾಗಿ ಹಾಡಿದೆ. ಎಂಟರಲ್ಲಿ ಮತ್ತೆ ಹಾಗೆಯೇ. ಹನ್ನೊಂದರಲ್ಲಿ, ಹದಿಮೂರರಲ್ಲಿ. ನನ್ನ ಉಸಿರು ಸಾಲದ ಕಡೆಯೆಲ್ಲ ಆ ದನಿ ಕೆಳಗಿನಿಂದ ಎತ್ತಿ ಹಿಡಿದಿತ್ತು. ನಾನು ಒಬ್ಬಳೇ ಹಾಡಿದೆನೆಂದುಕೊಂಡಿದ್ದು ಇಬ್ಬರು ಹಾಡಿದ ಹಾಡಾಗಿತ್ತು. ಹಂಡೆಯ ನುಡಿ ಮಾತ್ರ ಪೂರ್ತಿ ನನ್ನದು. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳಿದರೆ ಗೊತ್ತಾಗುತ್ತಿತ್ತು.

"ಅತ್ತಿ ಕಟ್ಟಿದ ಪದದಾಗ ನಿನ್ನ ಸುದ್ದಿ ಇತ್ತು ಯವ್ವಾ," ಎಂದಳು ಸುಶೀಲಾ. "ನಿನ್ನ ತವರೂರು ಯಾವುದು, ಅಲ್ಲಿ ಏನೈತಿ, ಎಲ್ಲಾ ನನ್ನ ಕೇಳಿ ಕಟ್ಟಿದ್ರು."

ನಾನು ನೀರು ಕುಡಿಯುವ ನೆವ ಮಾಡಿ ಒಳಗೆ ಹೋದೆ. ಸೋಡಚೀಟಿ ಕೊಟ್ಟವರು ಒಬ್ಬರ ಹಾಡಿಗೊಬ್ಬರು ದನಿಗೂಡಿಸುತ್ತಾರೆ, ಹೆಣ್ಣು ಕೊಟ್ಟ ನಾನು ಒಂದು ಹಗ್ಗ ಬಿಡಲಿಲ್ಲ. ಆ ಕರಿ ತಟ್ಟೆಯವರ ಮುಂದೆ ನನ್ನ ತಲೆ ತಗ್ಗಿತು.

ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ. ನೀಲವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನೂ ಎದುರು ಕುಳಿತು ಹರಳು ಆರಿಸತೊಡಗಿದೆ. ತಪ್ಪಾಯಿತೆನ್ನಲು ಬಾಯಿ ಬರಲಿಲ್ಲ. ನಲವತ್ತು ವರ್ಷದಲ್ಲಿ ನನ್ನ ಬಾಯಿ ನನಗೆ ಕೈಕೊಟ್ಟದ್ದು ಅದೊಂದೇ ಸಲ. ಕೊನೆಗೆ, "ಬೀಗರ, ಆ ಪದ ಈಗ ಹಾಡ್ರಿ, ನಾ ಕೇಳತೇನಿ," ಎಂದೆ.

"ಅಯ್ಯ, ತೊಟ್ಟಲ ಇಲ್ಲದ ತೊಟ್ಟಲ ಪದ ಹಾಡಬಾರ್ದ್ರಿ. ಇನ್ನೊಂದ ಕೂಸ ಬರ್ಲಿ, ಹಾಡೂಣು."

"ಮತ್ತ ಅವತ್ತ ನನಗ್ಯಾಕ ಹೇಳಿಕೊಟ್ರಿ? ನಾ ತಪ್ಪಲಿ ಅಂತ ಬಿಡಬೇಕಿಲ್ಲೋ!"

ನೀಲವ್ವ ಮೊರ ತೂರಿ, "ನೀವು ನಿಂತಿದ್ರ ಕೂಸ ಎದ್ದ ಅಳತಿತ್ತಲ್ರಿ. ನಿಮ್ಮ ಸಲವಾಗಿ ಅಲ್ಲ ತಗೋರಿ," ಎಂದು ನಕ್ಕಳು. ಆಮೇಲೆ ಮಾದಲಿ ಬಡಿಸಿದಳು. ನಾಚಿಕೆಯಿಂದ ಊಟ ಇಳಿಯಲಿಲ್ಲವೆಂದು ಬರೆಯಬೇಕೆಂದಿದ್ದೆ, ಆದರೆ ತುಪ್ಪ ಬಹಳ ಚೆನ್ನಾಗಿತ್ತು.

ಹೀಗೆ ಎರಡು ವರ್ಷ ಕಾದೆ. ಬೇರೆ ಅಜ್ಜಿಯರು ಮೊಮ್ಮಗುವಿಗಾಗಿ ಕಾಯುತ್ತಾರೆ, ನಾನು ಮೊಮ್ಮಗುವಿಗೂ ಒಂದು ಪದಕ್ಕೂ ಕೂಡಿಯೇ ಕಾದೆ. ಕಳೆದ ಸೋಮವಾರ ಈ ಬೆಣ್ಣೆಯ ಕೂಸನ್ನು ಅದೇ ತೊಟ್ಟಿಲಿಗೆ ಹಾಕಿದೆವು. ಓಣಿಯವರೆಲ್ಲ ನೋಡುತ್ತಿದ್ದಂತೆ ನಾನು ಹಗ್ಗ ತೆಗೆದು ನೀಲವ್ವನ ಕೈಯಲ್ಲಿಟ್ಟೆ. ಕಟ್ಟೆಯ ಮೇಲಿಂದ ನಮ್ಮ ಮನೆಯವರು ಒಳಗೆ ಇಣುಕಿ, "ಆರಾಮ ಅದಿ ಇಲ್ಲೋ?" ಎಂದು ಕೇಳಿದರು. ನೀಲವ್ವ ಲವಂಗ ಕಚ್ಚಿ, ಕಣ್ಣು ಮುಚ್ಚಿ ಹಾಡಿದಳು:

ಮಮದಾಪುರದ ಕೆರಿ ಬತ್ತಿದ್ದು ಕಂಡಿಲ್ಲ
ಹಡೆದವ್ವನ ಅವ್ವನ ದನಿಯಂಗ, ನನ ಕಂದ
ತುಂಬಿರಲಿ ನಿನ್ನ ಕೊರಳೆಲ್ಲ

ಅಷ್ಟೇ. ಆಕೆಯ ಪದ ಇದ್ದದ್ದು ಒಂದೇ ನುಡಿ! ಹೆಂಗಸರು ಹಿಂದೆ ಹಿಡಿದರು, ಮುಗಿಯಿತು. ಹಾಲು ಉಕ್ಕುವಷ್ಟು ಹೊತ್ತೂ ಆಗಲಿಲ್ಲ. ಇಷ್ಟು ಚಿಕ್ಕ ಜಾಗವನ್ನು ಬಿಟ್ಟುಕೊಡಲಾರದೆ ಅಂದು ನಾನು ಹಂಡೆಯವರೆಗೆ ಹೋಗಿದ್ದೆ. ನೀಲವ್ವ ಹಗ್ಗವನ್ನು ತಿರುಗಿ ನನ್ನ ಕೈಗೆ ಕೊಟ್ಟು, "ನನ್ನದಾತ್ರಿ. ಇನ್ನ ನೀವು ಹಾಡ್ರಿ," ಎಂದಳು. ಹಗ್ಗ ಹಿಡಿದು ಸುಮ್ಮನೆ ತೂಗಿದೆ. ಕಸ್ತೂರಿ ಈ ಸಲ ಬೆನ್ನು ನೋಯದೆ ಹೆಸರು ಹೇಳಿದಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಂದಿಷ್ಟು ಒಳ್ಳೆಯವಳೆನ್ನಿಸಿಕೊಳ್ಳುತ್ತಿದ್ದೆ. ಆದರೆ ಅಳಿಯ ಈ ಸಲವೂ ಟೇಪು ತುಂಬಿದ್ದ. ನಿನ್ನೆ ಹಚ್ಚಿ ಕೇಳಿಸಿದ. ಮೊದಲ ಸಾಲಿನ ಮಮದಾಪುರ ಎಂಬ ಊರು ಕಿವಿಗೆ ಬಿದ್ದ ಕ್ಷಣದಿಂದ ಟೇಪಿನಲ್ಲಿ ಇರುವುದು ಒಂದೇ ದನಿ. ಹಿಂದೆ ಹಿಡಿಯುತ್ತಿದ್ದ ನನ್ನದು. ನೀಲವ್ವ ಎಲ್ಲಿಯೋ ಕೆರೆಯ ಆಚೆ ದಡದಲ್ಲಿ ನಿಂತು ಹಾಡಿದಂತಿದೆ. ಅಳಿಯ ತಲೆ ಕೆರೆದುಕೊಂಡು, "ಅತ್ತಿ, ಮುಂದ ಹಾಡೂದು ಬಿಟ್ಟೀರಿ, ಖರೆ. ಹಿಂದ ಹಿಡಿಯೂದು ಇನ್ನ ಕಲೀಬೇಕ್ರಿ," ಎಂದ.

ನಾನು ಸುಶೀಲಾಳ ಮುಖ ನೋಡಿದೆ. ಅವಳು ಕೂಸನ್ನು ಎತ್ತಿಕೊಂಡು, "ಯವ್ವಾ, ಕಲಿಯಾಕ ಮೂರನೇದು ಬೇಕು ಅಂತ ಮಾತ್ರ ಅನಬ್ಯಾಡ," ಎಂದಳು.